ಹಾಸನದಲ್ಲಿ ಪ್ರೀತಿ ಹುಡುಕುವವರಿಗೆ ಇನ್ನೂರು ಗಂಟೆಯ ಲೆಕ್ಕ

ಹಾಸನದಲ್ಲಿ ಕೂತು ಡೇಟಿಂಗ್ ಆ್ಯಪ್ ತೆರೆದರೆ ಮೊದಲ ಅರ್ಧ ಗಂಟೆ ಕುತೂಹಲದಲ್ಲೇ ಕಳೆಯುತ್ತದೆ. ದೂರದ ಮಿತಿ ಕಡಿಮೆ ಇಟ್ಟಿದ್ದರೆ ಸ್ವಲ್ಪ ಹೊತ್ತಿಗೆ ಮುಖಗಳೇ ಮುಗಿದುಹೋಗುತ್ತವೆ. ಮಿತಿ ಹೆಚ್ಚಿಸಿದರೆ ಬೇಲೂರು, ಸಕಲೇಶಪುರ, ಅರಸೀಕೆರೆಯವರು ಬರುತ್ತಾರೆ. ಇನ್ನೂ ಹೆಚ್ಚಿಸಿದರೆ ಬೆಂಗಳೂರಿನವರ ಸಾಲು ಶುರು. ಅಷ್ಟರಲ್ಲಿ ಇನ್ನೊಂದು ಭಯ ಕಾಡುತ್ತದೆ. ಪಕ್ಕದ ಬೀದಿಯವರು ಯಾರಾದರೂ ನನ್ನ ಫೋಟೋ ಇಲ್ಲಿ ನೋಡಿ ಮನೆಗೆ ಹೇಳಿಬಿಟ್ಟರೆ?

ಅದೇ ಹೊತ್ತಿಗೆ ಮನೆಯವರೂ ತಮ್ಮ ದಾರಿಯಲ್ಲಿ ಹುಡುಕುತ್ತಿರುತ್ತಾರೆ. ಬಯೋಡೇಟಾ, ಜಾತಕ, ಸಂಬಳ, ಎತ್ತರ. ಆ್ಯಪ್‌ನಲ್ಲಿ ಜಾತಕದ ಜಾಗದಲ್ಲಿ 'ಟ್ರೆಕ್ಕಿಂಗ್ ಇಷ್ಟ, ನಾಯಿ ಇಷ್ಟ' ಅಂತ ಇರುತ್ತದೆ, ಅಷ್ಟೇ ವ್ಯತ್ಯಾಸ. ವಿವರಗಳು ಹೊಂದಿದರೆ ಮನಸ್ಸೂ ಹೊಂದುತ್ತದೆ ಅನ್ನುವುದು ಎರಡೂ ಕಡೆಯವರ ನಂಬಿಕೆ. ಈ ನಂಬಿಕೆಯನ್ನು ವಿಜ್ಞಾನಿಗಳು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಅದು ಪಾಸಾಗಿಲ್ಲ.

2017ರಲ್ಲಿ ಸಮಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್ ಮತ್ತು ಎಲೈ ಫಿಂಕೆಲ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಅವರ ಬಳಿ ಸ್ಪೀಡ್ ಡೇಟಿಂಗ್‌ಗೆ ಬಂದಿದ್ದ ಕಾಲೇಜು ಹುಡುಗ ಹುಡುಗಿಯರ ಮಾಹಿತಿ ಇತ್ತು. ಅಲ್ಲಿ ಒಬ್ಬೊಬ್ಬರೂ ಹಲವರ ಜೊತೆ ಕೆಲವೇ ನಿಮಿಷ ಕೂತು ಮಾತಾಡಿದ್ದರು. ಅದಕ್ಕೂ ಮೊದಲು ಅವರು ತಮ್ಮ ಸ್ವಭಾವ, ಆಸೆ, ಮೌಲ್ಯ, ಸಂಗಾತಿಯಲ್ಲಿ ಏನು ಬೇಕು ಅನ್ನುವುದರ ಬಗ್ಗೆ ನೂರಕ್ಕೂ ಹೆಚ್ಚು ಅಂಶಗಳಲ್ಲಿ ವಿವರ ಕೊಟ್ಟಿದ್ದರು. ಇಷ್ಟನ್ನೂ ಕಂಪ್ಯೂಟರಿಗೆ ಊಡಿಸಿ, ಯಾರಿಗೆ ಯಾರು ಇಷ್ಟವಾಗುತ್ತಾರೆ ಹೇಳು ಅಂತ ಕೇಳಿದರು.

ಕಂಪ್ಯೂಟರ್ ಎರಡು ವಿಷಯ ಸ್ವಲ್ಪ ಮಟ್ಟಿಗೆ ಹೇಳಿತು. ಎಲ್ಲರಿಗೂ ಇಷ್ಟವಾಗುವವರು ಯಾರು, ಎಲ್ಲರನ್ನೂ ಸುಲಭಕ್ಕೆ ಇಷ್ಟಪಡುವವರು ಯಾರು ಅನ್ನುವುದನ್ನು ಒಂದಿಷ್ಟು ಊಹಿಸಿತು. ಆದರೆ ನಮಗೆ ಬೇಕಾಗಿರುವುದು ಅದಲ್ಲ, ಅಲ್ವಾ? ಈ ಒಬ್ಬಳಿಗೆ ಈ ಒಬ್ಬನೇ ಯಾಕೆ ವಿಶೇಷವಾಗಿ ಇಷ್ಟವಾದ? ಆ ಪ್ರಶ್ನೆಗೆ ನೂರು ವಿವರಗಳಿಂದಲೂ ಉತ್ತರ ಸಿಗಲಿಲ್ಲ. ಇಬ್ಬರ ನಡುವೆ ಹುಟ್ಟುವ ಸೆಳೆತ ಅವರು ಭೇಟಿಯಾಗುವ ಮೊದಲು ಕಾಗದದ ಮೇಲೆ ಇರುವುದಿಲ್ಲ. ಅದು ಮುಖಾಮುಖಿ ಕೂತ ಮೇಲೆ ಆಗುವ ಸಂಗತಿ.

ಆ್ಯಪ್‌ಗಳಲ್ಲಿ ಇನ್ನೊಂದು ತೊಂದರೆಯಿದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದಾದ ಮೇಲೆ ಒಂದು ಫೋಟೋ ನೋಡುತ್ತಾ ಹೋದ ಹಾಗೆ ಜನ 'ಬೇಡ' ಅನ್ನುವುದು ಹೆಚ್ಚಾಯಿತು. ಮೊದಲ ಫೋಟೋದಿಂದ ಕೊನೆಯ ಫೋಟೋಗೆ ಬರುವಷ್ಟರಲ್ಲಿ ಒಪ್ಪುವ ಸಾಧ್ಯತೆ ಸರಾಸರಿ 27% ಇಳಿದಿತ್ತು. ನಿಮಗೆ ಯಾರೂ ಇಷ್ಟವಾಗುತ್ತಿಲ್ಲ ಅಂತ ಬೇಸರವಾಗಿದ್ದರೆ, ಅದು ನಿಮ್ಮ ಮನಸ್ಸು ಒಣಗಿದ್ದರಿಂದಲ್ಲ. ಸತತವಾಗಿ ನೋಡುವುದೇ 'ಬೇಡ' ಅನ್ನುವ ಗುಣವನ್ನು ಬೆಳೆಸುತ್ತದೆ.

ಹಾಗಾದರೆ ಪ್ರೀತಿ ಎಲ್ಲಿ ಹುಟ್ಟುತ್ತದೆ? ಬಹಳ ಹಳೆಯ ಒಂದು ಅಧ್ಯಯನ ಇದೆ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಟುಂಬಗಳ ವಸತಿಯೊಂದರಲ್ಲಿ ಯಾರಿಗೆ ಯಾರು ಸ್ನೇಹಿತರು ಅಂತ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಯವರು ವಿಚಾರಿಸಿದರು. 1950ರಲ್ಲಿ ಅದು ಪುಸ್ತಕವಾಗಿ ಬಂತು. ಉತ್ತರ ಸರಳವಾಗಿತ್ತು. ಪಕ್ಕದ ಬಾಗಿಲಿನವರೇ ಹೆಚ್ಚು ಸ್ನೇಹಿತರು. ಎರಡು ಬಾಗಿಲು ದೂರವಾದರೆ ಕಡಿಮೆ, ಸಾಲಿನ ಇನ್ನೊಂದು ತುದಿಯಾದರೆ ಇನ್ನೂ ಕಡಿಮೆ. ದಿನಾ ಎದುರಾಗುವುದು, ನಮಸ್ಕಾರ ಅನ್ನುವುದು, ಇಷ್ಟರಿಂದಲೇ ಸ್ನೇಹ ಶುರುವಾಗಿತ್ತು.

1992ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಅಚ್ಚರಿಯ ಪ್ರಯೋಗ ನಡೆಯಿತು. ನಾಲ್ವರು ಯುವತಿಯರನ್ನು ಆರಿಸಿ, ಅವರಲ್ಲಿ ಮೂವರನ್ನು ಒಂದು ತರಗತಿಗೆ ಸುಮ್ನೆ ಕಳಿಸಿದರು. ಒಬ್ಬಳು 15 ಸಲ ಹೋದಳು, ಇನ್ನೊಬ್ಬಳು 10 ಸಲ, ಮತ್ತೊಬ್ಬಳು 5 ಸಲ. ನಾಲ್ಕನೆಯವಳು ಹೋಗಲೇ ಇಲ್ಲ. ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಕೊನೆಗೆ ಆ ತರಗತಿಯ ವಿದ್ಯಾರ್ಥಿಗಳಿಗೆ ನಾಲ್ವರ ಚಿತ್ರ ತೋರಿಸಿ ಕೇಳಿದಾಗ, ಹೆಚ್ಚು ಸಲ ಬಂದವಳೇ ಹೆಚ್ಚು ಇಷ್ಟವಾದಳು. ಅವಳನ್ನು ನೋಡಿದ ನೆನಪೂ ಅನೇಕರಿಗೆ ಸರಿಯಾಗಿ ಇರಲಿಲ್ಲ. ಕಣ್ಣಿಗೆ ಬಿದ್ದ ಮುಖ ಗೊತ್ತಿಲ್ಲದ ಹಾಗೆ ಹತ್ತಿರವಾಗಿರುತ್ತದೆ.

ಹತ್ತಿರವಾಗುವುದು ಬೇರೆ, ಸ್ನೇಹವಾಗುವುದು ಬೇರೆ. ಸ್ನೇಹಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ಹೊಸ ಊರಿಗೆ ಬಂದವರನ್ನು, ಕಾಲೇಜಿಗೆ ಹೊಸದಾಗಿ ಸೇರಿದವರನ್ನು ವಿಚಾರಿಸಿ 2018ರಲ್ಲಿ ಅವರು ಹೇಳಿದ ಅಂದಾಜು ಇದು: ಪರಿಚಯದವರು ಮಾಮೂಲಿ ಸ್ನೇಹಿತರಾಗಲು ಸುಮಾರು 50 ಗಂಟೆ, ಒಳ್ಳೆಯ ಸ್ನೇಹಿತರಾಗಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಜಾಸ್ತಿ.

ಇದನ್ನು ನಮ್ಮ ಕಡೆಯ ಲೆಕ್ಕಕ್ಕೆ ತಂದು ನೋಡೋಣ. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಪಾಸ್ ಮಾಡಿಸಿಕೊಂಡು ದಿನಾ ಕಾಲೇಜಿಗೆ ಬರುವ ಇಬ್ಬರು ಅದೇ ಬಸ್ಸು ಹತ್ತುತ್ತಾರೆ ಅಂದುಕೊಳ್ಳಿ. ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ. ಸೀಟಿಗೆ ಬ್ಯಾಗ್ ಹಾಕಿ ಜಾಗ ಹಿಡಿಯುವುದು, ಹಗರೆ ದಾಟುವಷ್ಟರಲ್ಲಿ ನಿನ್ನೆಯ ನೋಟ್ಸ್ ನೋಡಿ ಮುಗಿಸುವುದು, ನಿಂತವರ ಟಿಫಿನ್ ಕ್ಯಾರಿಯರ್ ತೊಡೆ ಮೇಲೆ ಇಟ್ಟುಕೊಳ್ಳುವುದು. ನೂರು ದಿನ ಹೀಗೆ ಓಡಾಡಿದರೆ ಇನ್ನೂರು ಗಂಟೆ. ಆ್ಯಪ್‌ನಲ್ಲಿ ಸಿಕ್ಕವರ ಜೊತೆ ವಾರಕ್ಕೊಮ್ಮೆ ಎರಡು ಗಂಟೆ ಕಾಫಿ ಕುಡಿದರೆ ಅಷ್ಟೇ ಗಂಟೆ ಆಗಲು ಎರಡು ವರ್ಷ ಬೇಕು. ಯಾರೂ ಅಷ್ಟು ಕಾಯುವುದಿಲ್ಲ. ಎರಡನೇ ಕಾಫಿಗೇ ತೀರ್ಪು ಕೊಟ್ಟು ಎದ್ದು ಬರುತ್ತಾರೆ.

ಹಾಲ್ ಅವರ ಅಧ್ಯಯನದಲ್ಲಿ ಇನ್ನೊಂದು ಅಂಶ ಇದೆ, ಅದನ್ನು ಬಿಡಬಾರದು. ಒಂದೇ ತರಗತಿಯಲ್ಲಿ, ಒಂದೇ ಕಚೇರಿಯಲ್ಲಿ ಕೂತಿದ್ದ ಹೊತ್ತು ಮಾತ್ರಕ್ಕೆ ಆಪ್ತತೆ ಬೆಳೆಯಲಿಲ್ಲ. ಒಟ್ಟಿಗೆ ಇರಬೇಕು ಅಂತ ಇಷ್ಟಪಟ್ಟು ಇದ್ದ ಹೊತ್ತು, ತಮಾಷೆ ಮಾಡಿದ ಹೊತ್ತು, ಮನಸ್ಸಿನ ಮಾತಾಡಿದ ಹೊತ್ತು ಕೆಲಸ ಮಾಡಿತು. ಪಕ್ಕದಲ್ಲಿ ಕೂತು ಇಬ್ಬರೂ ಮೊಬೈಲ್ ನೋಡಿಕೊಂಡು ಬಂದರೆ ಆ ಗಂಟೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಸ್ನೇಹದಿಂದ ಪ್ರೀತಿಗೆ ಹೋಗುವ ದಾರಿಯನ್ನು ವಿಜ್ಞಾನವೂ ಬಹಳ ವರ್ಷ ಗಮನಿಸಿರಲಿಲ್ಲ. ಸಂಶೋಧನೆ ಎಲ್ಲ ಅಪರಿಚಿತರ ಮೊದಲ ಭೇಟಿಯ ಸುತ್ತಲೇ ನಡೆಯುತ್ತಿತ್ತು. 2021ರಲ್ಲಿ ಕೆನಡಾದ ಡಾನು ಆ್ಯಂಥನಿ ಸ್ಟಿನ್ಸನ್ ಮತ್ತು ಸಂಗಡಿಗರು ಸುಮಾರು 1,900 ಜನರ ಮಾಹಿತಿ ಒಟ್ಟು ಮಾಡಿ ನೋಡಿದರು. ಮೂರರಲ್ಲಿ ಎರಡು ಭಾಗದಷ್ಟು ಜನ, ನಾವು ಮೊದಲು ಸ್ನೇಹಿತರಾಗಿದ್ದೆವು ಅಂದರು. ವಿದ್ಯಾರ್ಥಿಗಳಲ್ಲಿ ಆ ಸ್ನೇಹ ಸರಾಸರಿ ಎರಡು ವರ್ಷದ ಹತ್ತಿರ ಹತ್ತಿರ ನಡೆದಿತ್ತು. ಬಹಳ ಜನ ಪ್ರೀತಿಯ ಉದ್ದೇಶ ಇಟ್ಟುಕೊಂಡು ಸ್ನೇಹ ಮಾಡಿರಲೂ ಇಲ್ಲ. 'ಒಳ್ಳೆ ಫ್ರೆಂಡ್ ಅಷ್ಟೇ' ಅನ್ನುವ ಮಾತನ್ನು ನಮ್ಮ ಹುಡುಗರು ಸೋಲು ಅಂತ ತಿಳಿಯುತ್ತಾರೆ. ಅದು ತಪ್ಪು. ಸ್ನೇಹಕ್ಕೆ ಅದರದ್ದೇ ಬೆಲೆ ಇದೆ. ಅದು ಪ್ರೀತಿಯಾಗಲೇಬೇಕು ಅಂತ ಕಾದು ಕೂತರೆ ಸ್ನೇಹವೂ ಕೆಡುತ್ತದೆ, ಎದುರಿನವರಿಗೆ ಮೋಸ ಮಾಡಿದ ಹಾಗೂ ಆಗುತ್ತದೆ.

ನನಗೆ ತುಂಬಾ ಸಮಾಧಾನ ಕೊಟ್ಟ ಅಧ್ಯಯನ 2015ರದ್ದು. 167 ಜೋಡಿಗಳ ರೂಪಕ್ಕೆ ಬೇರೆಯವರಿಂದ ಅಂಕ ಹಾಕಿಸಿದರು. ಪರಿಚಯವಾದ ಸ್ವಲ್ಪ ದಿನಕ್ಕೇ ಜೋಡಿಯಾದವರ ಅಂಕಗಳು ಹತ್ತಿರ ಹತ್ತಿರ ಇದ್ದವು. ಚೆಂದದವರಿಗೆ ಚೆಂದದವರು ಅನ್ನುವ ಹಾಗೆ. ಬಹಳ ದಿನ ಪರಿಚಯವಿದ್ದು, ಆಮೇಲೆ ಜೋಡಿಯಾದವರಲ್ಲಿ ಈ ಹೊಂದಿಕೆ ಕಾಣಲಿಲ್ಲ. ಒಬ್ಬರ ನಗು, ಸಿಟ್ಟು, ಕಷ್ಟದಲ್ಲಿ ನಡೆದುಕೊಳ್ಳುವ ರೀತಿ ಎಲ್ಲ ಗೊತ್ತಾದ ಮೇಲೆ ರೂಪದ ಅಂಕ ಹಿಂದೆ ಸರಿಯುತ್ತದೆ. ಬಣ್ಣ ಕಪ್ಪು, ಎತ್ತರ ಸಾಲದು ಅಂತ ಎಷ್ಟೋ ಸಲ ಬೇಡ ಅನ್ನಿಸಿಕೊಂಡವರು ನಮ್ಮೂರಿನಲ್ಲಿ ಎಷ್ಟು ಜನ ಇಲ್ಲ! ಅವರನ್ನು ಯಾರೂ ಇಷ್ಟಪಡುವುದಿಲ್ಲ ಅಂತಲ್ಲ. ಒಂದು ಫೋಟೋ ನೋಡಿ, ಒಂದು ತಟ್ಟೆ ಉಪ್ಪಿಟ್ಟು ತಿಂದು ಎದ್ದು ಹೋಗುವ ಪದ್ಧತಿಯಲ್ಲಿ ಅವರನ್ನು ತಿಳಿಯಲು ಯಾರಿಗೂ ಹೊತ್ತೇ ಸಿಗಲಿಲ್ಲ.

ಮಿದುಳಿನ ಮಾತು ಸ್ವಲ್ಪದರಲ್ಲಿ ಹೇಳುತ್ತೇನೆ. ಹೊಸದಾಗಿ ಪ್ರೀತಿಗೆ ಬಿದ್ದ 17 ಜನರ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನ 2005ರಲ್ಲಿ ಬಂತು. ಪ್ರಿಯರ ಫೋಟೋ ನೋಡಿದಾಗ ಡೋಪಮೈನ್ ಎಂಬ ರಾಸಾಯನಿಕ ಹರಿಸುವ, ಆಸೆ ಹುಟ್ಟಿಸುವ ಆಳದ ಭಾಗ ಚುರುಕಾಗಿತ್ತು. ಅದಕ್ಕೂ ಮೊದಲು, 1999ರಲ್ಲಿ, ಇಟಲಿಯ ಪೀಸಾದಲ್ಲಿ ಪ್ರೇಮಿಗಳ ರಕ್ತ ಪರೀಕ್ಷೆ ಮಾಡಿದ್ದರು. ಮಿದುಳಿನ ಇನ್ನೊಂದು ರಾಸಾಯನಿಕವಾದ ಸೆರೊಟೋನಿನ್‌ಗೆ ಸಂಬಂಧಿಸಿದ ಒಂದು ಅಂಶ, ಗೀಳು ಕಾಯಿಲೆ ಇರುವವರಲ್ಲಿ ಇದ್ದಷ್ಟೇ ಕಡಿಮೆ ಇತ್ತು. ಅವರಲ್ಲಿ ಕೆಲವರನ್ನು ಒಂದು ವರ್ಷ ದಾಟಿದ ಮೇಲೆ ಮತ್ತೆ ನೋಡಿದಾಗ ಎಲ್ಲ ಮಾಮೂಲಿಗೆ ಬಂದಿತ್ತು. ನಿದ್ದೆ ಬರದ ಆ ಆರಂಭದ ದಿನಗಳು ಶಾಶ್ವತವಲ್ಲ. ಅವು ಮುಗಿದವು ಅಂದರೆ ಪ್ರೀತಿ ಮುಗಿಯಿತು ಅಂತಲೂ ಅಲ್ಲ. ಸರಾಸರಿ 21 ವರ್ಷ ಸಂಸಾರ ಮಾಡಿ, ಈಗಲೂ ಗಾಢವಾಗಿ ಪ್ರೀತಿಸುತ್ತೇವೆ ಅಂದವರ ಮಿದುಳಿನಲ್ಲೂ ಅದೇ ಡೋಪಮೈನ್ ಭಾಗ ಎಚ್ಚರವಾಗಿದ್ದದ್ದನ್ನು ಬಿಯಾಂಕಾ ಅಸೆವೆಡೊ ಮತ್ತು ಸಂಗಡಿಗರು ಕಂಡರು.

ಎದೆ ಬಡಿತವನ್ನು ಮಾತ್ರ ಪೂರ್ತಿ ನಂಬಬೇಡಿ. ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ 1974ರ ಒಂದು ಪ್ರಸಿದ್ಧ ಪ್ರಯೋಗ ನಡೆದಿತ್ತು. ಎತ್ತರದ ಅಲುಗಾಡುವ ಸೇತುವೆ ದಾಟುತ್ತಿದ್ದ ಗಂಡಸರು, ಅಲ್ಲಿ ಮಾತಾಡಿಸಿದ ಯುವತಿಗೆ ಆಮೇಲೆ ಫೋನ್ ಮಾಡಿದ್ದು ಹೆಚ್ಚು. ಗಟ್ಟಿ ಸೇತುವೆ ದಾಟಿದವರು ಕಡಿಮೆ. ಹೆದರಿಕೆಯ ಬಡಿತವನ್ನು ಮನಸ್ಸು ಸೆಳೆತ ಅಂತ ಓದಿಕೊಳ್ಳುತ್ತದೆ. ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಬೈಕಿನ ಹಿಂದೆ ಕೂತಾಗ ಅನಿಸಿದ್ದು, ಸೋಮವಾರ ಬೆಳಿಗ್ಗೆಯೂ ಹಾಗೇ ಅನಿಸುತ್ತದಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಗಂಟೆಗಳು ಪ್ರೀತಿಯಾಗುವುದು ಹೇಗೆ? ಇಲ್ಲಿ ಸಂಶೋಧನೆ ತುಂಬಾ ಮನೆಮಾತಿನ ಮಟ್ಟಕ್ಕೆ ಇಳಿಯುತ್ತದೆ. ಹ್ಯಾರಿ ರೀಸ್, ಶೆಲ್ಲಿ ಗೇಬಲ್ ಮುಂತಾದ ಮನೋವಿಜ್ಞಾನಿಗಳು ವರ್ಷಗಟ್ಟಲೆ ನೋಡಿದ್ದು ಒಂದೇ ವಿಷಯ: ನಾನು ಹೇಳಿದ್ದನ್ನು ಎದುರಿನವರು ಹೇಗೆ ತೆಗೆದುಕೊಂಡರು? ಅದೂ ಕಷ್ಟದ ಸುದ್ದಿಯನ್ನಲ್ಲ, ಖುಷಿಯ ಸುದ್ದಿಯನ್ನು. ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಕೂತ ಇಬ್ಬರನ್ನು ಊಹಿಸಿಕೊಳ್ಳಿ. ಅವಳು ಹೇಳುತ್ತಾಳೆ:

"ಇವತ್ತು ನಮ್ಮ ಮೇಡಂ ಎಲ್ಲರ ಮುಂದೆ ನನ್ನ ಕೆಲಸ ಚೆನ್ನಾಗಿದೆ ಅಂದ್ರು ಗೊತ್ತಾ?"

"ಹೌದಾ! ಯಾವುದಕ್ಕೆ? ಏನಂದ್ರು, ಪೂರ್ತಿ ಹೇಳು" ಅನ್ನಬಹುದು. ಮೊಬೈಲಿಂದ ಕಣ್ಣು ತೆಗೆಯದೆ "ಹ್ಞೂ, ಒಳ್ಳೇದು" ಅನ್ನಬಹುದು. "ಹೊಗಳಿದ್ರಾ? ಹಾಗಿದ್ರೆ ಇನ್ನು ಜಾಸ್ತಿ ಕೆಲಸ ಹಾಕ್ತಾರೆ ನೋಡ್ತಿರು" ಅನ್ನಬಹುದು. "ಅದಿರ್ಲಿ, ನನಗೆ ಇವತ್ತು ಏನಾಯ್ತು ಕೇಳು" ಅಂತಲೂ ಅನ್ನಬಹುದು. ಗೇಬಲ್ ಅವರ ಅಧ್ಯಯನಗಳಲ್ಲಿ ಸಂಬಂಧ ಚೆನ್ನಾಗಿರುವುದರ ಜೊತೆ ಹೊಂದಿಕೊಂಡು ಬಂದದ್ದು ಮೊದಲನೇ ಉತ್ತರ ಒಂದೇ. 'ಹ್ಞೂ, ಒಳ್ಳೇದು' ಅನ್ನುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಹೇಳಿದವಳಿಗೆ ಮಾತು ಅಲ್ಲಿಗೇ ನಿಂತುಹೋಗಿರುತ್ತದೆ. ಸಂಗಾತಿ ಸಿಗುವ ಮೊದಲೇ ಇದನ್ನು ತಂಗಿಯ ಜೊತೆ, ರೂಮ್‌ಮೇಟ್ ಜೊತೆ ಅಭ್ಯಾಸ ಮಾಡಬಹುದು. ಎದುರಿನವರನ್ನು ಅಳೆಯುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸಂಬಳ, ಎತ್ತರ ಕೇಳುವ ಬದಲು ನಿಮ್ಮದೊಂದು ಸಣ್ಣ ಖುಷಿ ಹೇಳಿ, ಮುಖ ನೋಡಿ.

ಮನೆಯವರು ನೋಡಿದ ಮದುವೆಯಲ್ಲಿ ಪ್ರೀತಿ ನಿಧಾನಕ್ಕೆ ಬೆಳೆದು ಕೊನೆಗೆ ಲವ್ ಮ್ಯಾರೇಜನ್ನು ಮೀರುತ್ತದೆ ಅನ್ನುವ ಮಾತಿಗೆ ಜೈಪುರದಲ್ಲಿ 50 ಜೋಡಿಗಳ ಮೇಲೆ ನಡೆದ 1982ರ ಅಧ್ಯಯನವನ್ನು ಆಧಾರ ಕೊಡುತ್ತಾರೆ. ಅದು ಚಿಕ್ಕ ಅಧ್ಯಯನ. 2012ರಲ್ಲಿ ಅಮೆರಿಕದಲ್ಲಿರುವ ಭಾರತೀಯರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎರಡು ಬಗೆಯ ಮದುವೆಗೂ ಪ್ರೀತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೂ ಚಿಕ್ಕದೇ. ಹೇಗೆ ಪರಿಚಯವಾಯಿತು ಅನ್ನುವುದಕ್ಕಿಂತ ಆಮೇಲೆ ಹೇಗೆ ಇದ್ದರು ಅನ್ನುವುದು ಮುಖ್ಯ ಅಂತ ನನಗನಿಸುತ್ತದೆ. ಇಬ್ಬರೂ ಮನಸ್ಸಾರೆ ಒಪ್ಪಿದ್ದರೆ ಮಾತ್ರ ಈ ಮಾತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಹಾಸನದ ಬಗ್ಗೆ ಒಂದೇ ಕೊರಗು. ಇಲ್ಲಿ ಹುಡುಗ ಹುಡುಗಿಯರಿಗೆ ಇಲ್ಲದಿರುವುದು ಆಯ್ಕೆ ಅಲ್ಲ, ಒಟ್ಟಿಗೆ ಇರಬಹುದಾದ ಜಾಗ. ಇಬ್ಬರು ಪಾರ್ಕಿನಲ್ಲಿ ಕೂತರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಜಾತಿ ಬೇರೆಯಾದರೆ ಅದು ಬರೀ ಸುದ್ದಿಯಾಗಿ ಉಳಿಯುವುದಿಲ್ಲ, ಜೀವಕ್ಕೇ ಅಪಾಯವಾಗಬಹುದು. 2011-12ರ ದೊಡ್ಡ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆ ಸುಮಾರು 5% ಮಾತ್ರ ಇತ್ತು. ನಮ್ಮ ಮಕ್ಕಳು ಯಾರ ಜೊತೆ ಇನ್ನೂರು ಗಂಟೆ ಕಳೆಯಬಹುದು ಅನ್ನುವುದನ್ನು ನಾವು ಮೊದಲೇ ತೀರ್ಮಾನ ಮಾಡಿರುತ್ತೇವೆ. ನಾಟಕದ ತಾಲೀಮು, ಸ್ಟೇಡಿಯಂನ ಬ್ಯಾಡ್ಮಿಂಟನ್, ಲೈಬ್ರರಿಯ ಓದುವ ಗುಂಪು, ಶೆಟ್ಟಿಹಳ್ಳಿಗೆ ಸೈಕಲ್ ಸವಾರಿ, ಇವೆಲ್ಲ ಕಾಲಹರಣ ಅಲ್ಲ. ಹತ್ತು ಜನರ ನಡುವೆ ಒಬ್ಬರನ್ನೊಬ್ಬರು ನಿಧಾನಕ್ಕೆ ತಿಳಿಯುವ ಜಾಗಗಳು ಇವು. ಹೆಣ್ಣುಮಕ್ಕಳಿಗೆ ಇವು ಒಬ್ಬಂಟಿ ಭೇಟಿಗಿಂತ ಸುರಕ್ಷಿತ ಕೂಡ.

ಆ್ಯಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೇ ಲಿಂಗದವರನ್ನು ಪ್ರೀತಿಸುವವರಿಗೆ ಚಿಕ್ಕ ಊರಿನಲ್ಲಿ ಎಷ್ಟೋ ಸಲ ಅದೊಂದೇ ಬಾಗಿಲು. ಅಮೆರಿಕದಲ್ಲಿ 2017ರ ಸಮೀಕ್ಷೆಯಲ್ಲಿ ಅಂಥ ಹೊಸ ಜೋಡಿಗಳಲ್ಲಿ ಸುಮಾರು 65% ಜನ ಆನ್‌ಲೈನ್‌ನಲ್ಲೇ ಪರಿಚಯವಾಗಿದ್ದರು. ಆ್ಯಪ್‌ನಲ್ಲಿ ಸಿಕ್ಕರೆ ವಾರಗಟ್ಟಲೆ ಚಾಟ್ ಮಾಡುತ್ತಾ ಕೂರಬೇಡಿ. ಹಗಲು ಹೊತ್ತು, ಜನ ಇರುವ ಕಡೆ, ಒಬ್ಬ ಸ್ನೇಹಿತರಿಗೆ ಹೇಳಿ ಹೋಗಿ ಬೇಗ ಭೇಟಿಯಾಗಿ. ಮರ್ಯಾದೆಯಾಗಿ ನಡೆದುಕೊಂಡವರಾದರೆ, ಎದೆ ಬಡಿಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಿಡಬೇಡಿ. ಇನ್ನೆರಡು ಸಲ ಭೇಟಿಯಾಗಿ.

ಮೊದಲ ಭೇಟಿ ಮುಗಿಸಿ ಬಂದ ರಾತ್ರಿ 'ನಾನು ಏನೇನೋ ಮಾತಾಡಿಬಿಟ್ಟೆ, ಅವರಿಗೆ ಇಷ್ಟವಾಗಿರಲಿಕ್ಕಿಲ್ಲ' ಅನಿಸುತ್ತದೆ. ಎರಿಕಾ ಬೂತ್‌ಬಿ ಮತ್ತು ಜೊತೆಗಾರರು 2018ರಲ್ಲಿ ಇದನ್ನೇ ಅಳೆದರು. ಅಪರಿಚಿತರನ್ನು ಜೋಡಿ ಜೋಡಿಯಾಗಿ ಮಾತಾಡಲು ಬಿಟ್ಟು, ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿದರು. ತಾವು ಎದುರಿನವರಿಗೆ ಎಷ್ಟು ಇಷ್ಟವಾದೆವು ಅಂತ ಜನ ಊಹಿಸಿದ್ದಕ್ಕಿಂತ ನಿಜವಾಗಿ ಅವರು ಹೆಚ್ಚು ಇಷ್ಟವಾಗಿದ್ದರು. ಹಾಸ್ಟೆಲ್ ರೂಮ್‌ಮೇಟ್‌ಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಹಾಗೇ ಉಳಿದಿತ್ತು. ಅದಕ್ಕೇ ಎರಡನೇ ಸಲ ಸಿಗೋಣವಾ ಅಂತ ನೀವೇ ಮೊದಲು ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಆಗಬಹುದು ಅನ್ನುವವರು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ.