ಶೀಟಿನ ಶೆಡ್ಡಿನಲ್ಲಿ ಬಾಯಿಬಿಟ್ಟ ದೋಣಿ: ಸಂದಿಗೆ ಎಪಾಕ್ಸಿ ತುಂಬಬಹುದೇ?

ಪ್ರಶ್ನೆ: ಹೊಳೆಯಲ್ಲಿ ಓಡಾಡುತ್ತಿದ್ದ ಇಪ್ಪತ್ತು ಅಡಿಯ ಹಳೆಯ ಹಲಗೆ ದೋಣಿಯನ್ನು ದಡಕ್ಕೆಳೆದು, ತಗಡಿನ ಶೀಟು ಹೊದಿಸಿದ ಶೆಡ್ಡಿನಲ್ಲಿಟ್ಟು ರಿಪೇರಿ ಮಾಡುತ್ತಿದ್ದೇವೆ. ಮಳೆಗಾಲದೊಳಗೆ ಮುಗಿಯಬೇಕು. ಎಳೆದು ತಂದಾಗ ಇಲ್ಲದ ಸಂದಿಗಳು ಈಗ ಹಲಗೆಗಳ ನಡುವೆ ಎದ್ದಿವೆ, ಒಳಗೆ ಕೂತರೆ ಬೆಳಕು ಕಾಣುತ್ತದೆ. ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಪುಟ್ಟಿ ತುಂಬಿ, ಹೊರಗಿನಿಂದ ಫೈಬರ್ ಹೊದಿಸಿಬಿಟ್ಟರೆ ಸಾಕೇ?

ಉತ್ತರ: ತುಂಬಬೇಡಿ, ಈಗಂತೂ ಬೇಡವೇ ಬೇಡ. ಮಲ್ಪೆ, ಗಂಗೊಳ್ಳಿಯಿಂದ ಹೊನ್ನಾವರ, ತದಡಿಯವರೆಗೆ ಬೇಸಿಗೆಯಲ್ಲಿ ಮರದ ದೋಣಿಗೆ ಕೈಹಾಕಿದವರಿಗೆಲ್ಲ ಎದುರಾಗುವ ಸಮಸ್ಯೆ ಇದು. ಆ ಸಂದಿಗಳಲ್ಲಿ ಹೆಚ್ಚಿನವು ಶೆಡ್ಡಿನ ಬಿಸಿಯಿಂದ ಹುಟ್ಟಿದವು. ಮೊದಲು ಶೆಡ್ ಸರಿಮಾಡಿ, ಮರಕ್ಕೆ ತೇವ ಮರಳಿಸಿ. ಅದಾದ ಮೇಲೂ ಉಳಿಯುವ ಸಂದಿಗಳಿಗಷ್ಟೇ ರಿಪೇರಿ ಬೇಕು.

ಕರಾವಳಿಯ ಗಾಳಿಯೇ ಒದ್ದೆ, ಅಲ್ಲಿ ಮರ ಇಷ್ಟು ಬೇಗ ಒಣಗುವುದು ಹೇಗೆ? ಹೊರಗೆ 34 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 70 ಆರ್ದ್ರತೆ ಇರುವ ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. ಅದೇ ಗಾಳಿ ತಗಡಿನಡಿ 45 ಡಿಗ್ರಿಗೆ ಕಾದರೆ ಅದರ ಆರ್ದ್ರತೆ ಶೇ 40ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಆದರೆ ಕಾದ ಗಾಳಿ ಇನ್ನಷ್ಟು ನೀರು ಬೇಡುತ್ತದೆ, ಅದನ್ನು ಹಲಗೆಯಿಂದ ಎಳೆದುಕೊಳ್ಳುತ್ತದೆ. ಅಂಥ ಗಾಳಿಯಲ್ಲೇ ಬಹುಕಾಲ ಇದ್ದರೆ ಮರದೊಳಗಿನ ತೇವ ಶೇ 7–8ರ ಕಡೆಗೆ ಇಳಿಯುತ್ತದೆ. ನೀರಿನಲ್ಲಿದ್ದಾಗ ಅದೇ ಹಲಗೆಯಲ್ಲಿ ಶೇ 25–30ಕ್ಕೂ ಹೆಚ್ಚು ತೇವವಿತ್ತು.

ಒಣಗುವ ಮರ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ನಾರಿಗೆ ಅಡ್ಡಲಾಗಿ ಕುಗ್ಗುತ್ತದೆ. ಹಲಗೆಯ ತುದಿಯನ್ನು ನೋಡಿ. ಬೆಳವಣಿಗೆಯ ಉಂಗುರಗಳು ಅಗಲಕ್ಕೆ ಮಲಗಿದ್ದರೆ ಕುಗ್ಗು ಹೆಚ್ಚು, ನೆಟ್ಟಗೆ ನಿಂತಿದ್ದರೆ ಅದರ ಅರ್ಧದಷ್ಟು. ಉಂಗುರ ಮಲಗಿರುವ, ಆರಿಂಚು ಅಗಲದ ಸಾಗುವಾನಿ ಹಲಗೆಯ ತೇವ ಶೇ 20ರಿಂದ 10ಕ್ಕೆ ಇಳಿದರೆ ಅಗಲದಲ್ಲಿ ಸುಮಾರು 3 ಮಿ.ಮೀ. ಕಡಿಮೆಯಾಗುತ್ತದೆ. ಸಾಗುವಾನಿ ಕಡಿಮೆ ಕುಗ್ಗುವ ಮರ ಎಂದೇ ಹೆಸರಾದದ್ದು. ಒಂದು ಬದಿಗೆ ಹತ್ತು ಹಲಗೆಯಿದ್ದರೆ ಒಟ್ಟು 3 ಸೆಂ.ಮೀ. ಆಯಿತು.

ಈಗ ಆ 3 ಸೆಂ.ಮೀ. ಜಾಗವನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ ದೋಣಿಯನ್ನು ನೀರಿಗಿಳಿಸಿದರೆ ಏನಾಗುತ್ತದೆ ನೋಡಿ. ಹಲಗೆಗಳು ಮತ್ತೆ ಉಬ್ಬುತ್ತವೆ, ಉಬ್ಬಲು ಜಾಗವಿಲ್ಲ. ಮೊದಲು ಒಳಗೆ ಪಕ್ಕೆಲುಬಿನಂತೆ ಹಲಗೆಗಳನ್ನು ಹಿಡಿದಿರುವ ಬಾಗುಮರಗಳಿಗೆ ಹೊಡೆದ ಮೊಳೆ ಎಳೆಯುತ್ತದೆ, ಹಳೆಯ ಬಾಗುಮರ ತಿರುವಿನಲ್ಲಿ ಸೀಳುತ್ತದೆ, ತಳದ ಉದ್ದಕ್ಕೂ ಹೋಗುವ ನಡುಮರಕ್ಕೆ ತಾಗುವ ಮೊದಲ ಹಲಗೆ ತಾನು ಕೂತ ತೋಡಿನಿಂದ ಮೇಲೇಳುತ್ತದೆ. ಮೊಳೆ ಗಟ್ಟಿಯಾಗಿ ಹಿಡಿದರೆ ಹಲಗೆಯ ಅಂಚೇ ಜಜ್ಜಿಹೋಗುತ್ತದೆ, ಮತ್ತು ಜಜ್ಜಿದ ಅಂಚು ಮುಂದಿನ ಬೇಸಿಗೆಯಲ್ಲಿ ಇನ್ನೂ ಅಗಲದ ಸಂದಿ ಬಿಡುತ್ತದೆ. ಸೋರದಂತೆ ಸಂದಿಗೆ ತುಂಬುವ ಹತ್ತಿಯನ್ನು ಒಣ ದೋಣಿಗೆ ಬಲವಾಗಿ ಜಡಿದರೂ ಇದೇ ಗತಿ. ಚೆನ್ನಾಗಿದ್ದ ದೋಣಿಗಳು ಬಹಳಷ್ಟು ಹಾಳಾಗುವುದು ಹೀಗೆ ಅವಸರದಲ್ಲಿ ಬಿಗಿ ಮಾಡಲು ಹೋಗಿ.

ಅವಸರಕ್ಕೆ ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ನಾಡದೋಣಿಗಳಿಗೆ ಅದೇ ಮೀನು ಹಿಡಿಯುವ ಹಂಗಾಮು. ಹಾಗಾಗಿ ರಿಪೇರಿಗೆ ಸಿಗುವುದು ಅದಕ್ಕೆ ಮುಂಚಿನ, ವರ್ಷದ ಅತಿ ಬಿಸಿಯ ಎರಡು ತಿಂಗಳು.

ಶೆಡ್ಡಿನ ಕೆಲಸ ಮೊದಲು

ದೋಣಿಯ ಅಂಚಿನಿಂದ ಮಾಡಿಗೆ ಕನಿಷ್ಠ ಐದಡಿ ಅಂತರವಿರಲಿ. ಶೀಟಿನ ಮೇಲೆ ಹೆಣೆದ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ ಹೊದಿಸಿ. ಅದು ಸಿಗದಿದ್ದರೆ ಶೀಟಿನಿಂದ ಒಂದಡಿ ಮೇಲೆ ನೆರಳುಬಲೆ ಕಟ್ಟಿ, ಶೀಟಿಗೆ ಸುಣ್ಣ ಬಳಿಯಿರಿ. ನೆರಳುಬಲೆಯನ್ನು ಶೀಟಿಗೇ ಅಂಟಿಸಿ ಹಾಸಿದರೆ ಪ್ರಯೋಜನ ಕಡಿಮೆ, ನಡುವೆ ಗಾಳಿ ಹರಿಯಬೇಕು. ಮಾಡಿನ ತುದಿಯಲ್ಲಿ ಬಿಸಿ ಗಾಳಿ ಹೊರಹೋಗಲು ಸಂದು ಬಿಡಿ. ದಕ್ಷಿಣ ಮತ್ತು ಪಶ್ಚಿಮಕ್ಕೆ ಗೋಣಿತಾಟಿನ ಮರೆ ಕಟ್ಟಿ, ಉಳಿದ ಎರಡು ಬದಿ ತೆರೆದಿರಲಿ. ನೆಲ ಕಾಂಕ್ರೀಟಾದರೆ ಮೂರು ನಾಲ್ಕು ಇಂಚು ಮರಳು ಹರಡಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ.

ದೋಣಿಗೆ ಪ್ಲಾಸ್ಟಿಕ್ ಟಾರ್ಪಾಲಿನ್ ಸುತ್ತುವುದು ಮಾತ್ರ ಬೇಡ. ಒಳಗೆ ಬೆವರಿ, ಬಿಸಿ ಮತ್ತು ತೇವ ಎರಡೂ ಸೇರಿ ಬೂಷ್ಟು ಹಿಡಿಯುತ್ತದೆ.

ಆಮೇಲೆ ತೇವ. ಗೋಣಿಚೀಲಗಳನ್ನು ಉಪ್ಪುನೀರಿನಲ್ಲಿ ಅದ್ದಿ ದೋಣಿಯ ಒಳತಳದಲ್ಲಿ ಹಾಸಿ, ಹೊರಗೆ ಅಂಚಿನಿಂದ ಇಳಿಬಿಡಿ. ದಿನಕ್ಕೆ ಎರಡು ಬಾರಿ ತೋಯಿಸಿ. ಬಾವಿನೀರು ಬೇಡ. ಮರ ಕೊಳೆಸುವ ಶಿಲೀಂಧ್ರಕ್ಕೆ ಸಿಹಿನೀರು ಅನುಕೂಲ, ಉಪ್ಪು ಅದನ್ನು ತಡೆಯುತ್ತದೆ. ಜೊತೆಗೆ ಉಪ್ಪು ಗಾಳಿಯ ತೇವವನ್ನೂ ಹಿಡಿದಿಡುತ್ತದೆ. ಒಳಹೊರಗು ಎರಡೂ ತೋಯಬೇಕು, ಒಂದೇ ಬದಿ ತೋಯ್ದರೆ ಹಲಗೆ ಬಟ್ಟಲಿನಂತೆ ಡೊಂಕಾಗುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಕೂದಲೆಳೆಯ ಸಂದಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸಂದಿಯ ಅಗಲವನ್ನು ಏಳೆಂಟು ಕಡೆ ಸೀಮೆಸುಣ್ಣದಲ್ಲಿ ಗುರುತಿಸಿ, ದಿನಾಂಕದೊಡನೆ ಬರೆದಿಡಿ. ಅಗಲ ಇಳಿಯುವುದು ನಿಂತ ಮೇಲೆಯೇ ಉಳಿ ಕೈಗೆತ್ತಿಕೊಳ್ಳಿ.

ತೇವ ಅಳೆಯುವ ಮೀಟರು ಬಳಸುವವರು ಒಂದು ವಿಷಯ ನೆನಪಿಡಬೇಕು. ಉಪ್ಪುಂಡ ಮರದಲ್ಲಿ ಮುಳ್ಳಿನ ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದರ ಅಂಕಿಯನ್ನು ನಂಬುವ ಬದಲು, ಅದೇ ಜಾಗದಲ್ಲಿ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡಿ.

ದೋಣಿ ಕೂತಿರುವ ರೀತಿಯನ್ನೂ ಈಗಲೇ ಪರೀಕ್ಷಿಸಿ. ಭಾರವೆಲ್ಲ ತಳದ ನಡುಮರದ ಮೇಲೆ ಬೀಳಬೇಕು, ನಾಲ್ಕು ನಾಲ್ಕೂವರೆ ಅಡಿಗೊಂದು ಮರದ ದಿಂಡು ಇರಲಿ. ಪಕ್ಕದ ಊರೆಗಳು ದೋಣಿ ವಾಲದಂತೆ ತಡೆಯಲಷ್ಟೇ, ಅವು ಒಳಗೆ ಬಾಗುಮರ ಇರುವ ಜಾಗಕ್ಕೇ ತಾಗಬೇಕು. ಬರಿ ಹಲಗೆಗೆ ಊರೆ ಕೊಟ್ಟರೆ ಅಲ್ಲಿ ಹಲಗೆ ಒಳಗೆ ತಗ್ಗುತ್ತದೆ. ಮುಂತುದಿಯಿಂದ ಹಿಂತುದಿಗೆ ದಾರ ಬಿಗಿದು ನಡುಮರ ನೇರವಿದೆಯೇ ನೋಡಿ. ಎರಡೂ ತುದಿ ಜೋತು ನಡು ಎದ್ದಿದ್ದರೆ ದಿನಕ್ಕಿಷ್ಟು ಬೆಣೆ ಸರಿಸಿ ನಿಧಾನವಾಗಿ ಸರಿಮಾಡಬೇಕು, ಅದೂ ಮರ ತೋಯ್ದ ಮೇಲೆ.

ಯಾವ ಮರ ಉಳಿಯುತ್ತದೆ, ಯಾವುದು ಹೋಗಬೇಕು

ಸಣ್ಣ ಸುತ್ತಿಗೆಯಿಂದ ಇಂಚಿಂಚು ತಟ್ಟುತ್ತ ಹೋಗಿ. ಗಟ್ಟಿ ಮರ ಟಣ್ಣೆನ್ನುತ್ತದೆ, ಕೊಳೆತದ್ದು ದಬ್ಬೆನ್ನುತ್ತದೆ. ಅನುಮಾನ ಬಂದಲ್ಲಿ ಚೂಪು ದಬ್ಬಳ ಚುಚ್ಚಿ ಮೀಟಿ ನೋಡಿ. ಉದ್ದ ಸಿಬಿರೆದ್ದರೆ ಮರ ಚೆನ್ನಾಗಿದೆ, ಮೊಟಕಾಗಿ ತುಂಡು ತುಂಡಾಗಿ ಮುರಿದರೆ ಕೊಳೆತಿದೆ. ಕೊಳೆ ಮೊದಲು ಹಿಡಿಯುವುದು ಮಳೆನೀರು ನಿಲ್ಲುವ ಕಡೆ: ಅಂಚುಪಟ್ಟಿಯ ಅಡಿ, ಹಲಗೆಯ ತುದಿಗಳು, ಬಾಗುಮರ ನಡುಮರಕ್ಕೆ ಕೂರುವ ಬುಡ, ಹಿಂತುದಿಯ ಮೂಲೆ. ನೀರಿನ ಕೆಳಗಿನ ಭಾಗದಲ್ಲಿ ಮರಕೊರಕ ಹುಳುವನ್ನು ಹುಡುಕಿ. ಮೇಲೆ ಸೂಜಿಮೊನೆಯಷ್ಟೇ ತೂತು ಕಂಡರೂ ಒಳಗೆ ಬೆರಳು ಹಿಡಿಸುವಷ್ಟು ಸುರಂಗವಿರಬಹುದು. ಚೆನ್ನಾಗಿ ಒಣಗಿಸಿದರೆ ಹುಳು ಸಾಯುತ್ತದೆ, ಟೊಳ್ಳಾದ ಹಲಗೆ ಮಾತ್ರ ಗಟ್ಟಿಯಾಗುವುದಿಲ್ಲ, ಅದನ್ನು ತೆಗೆಯಲೇಬೇಕು.

ಬದಲಿ ಹಲಗೆಗೆ ಮೊದಲಿದ್ದ ಜಾತಿಯ ಮರವನ್ನೇ ಹುಡುಕಿ, ಹೆಬ್ಬಲಸಿಗೆ ಹೆಬ್ಬಲಸು, ಸಾಗುವಾನಿಗೆ ಸಾಗುವಾನಿ. ಬೇರೆ ಜಾತಿಯದಾದರೆ ಪಕ್ಕದ ಹಲಗೆಯ ಲೆಕ್ಕಕ್ಕೆ ಉಬ್ಬುವುದಿಲ್ಲ. ಹಲಗೆಯನ್ನು ಓರೆಯಾಗಿ ಕೂಡಿಸುವುದಾದರೆ ಓರೆಯ ಉದ್ದ ದಪ್ಪದ ಎಂಟರಷ್ಟಾದರೂ ಇರಬೇಕು: 20 ಮಿ.ಮೀ. ಹಲಗೆಗೆ 160 ಮಿ.ಮೀ. ತುದಿಗೆ ತುದಿ ಕೂಡಿಸುವ ಗಂಟು ಎರಡು ಬಾಗುಮರಗಳ ನಡುವೆ ಬರಲಿ, ಹಿಂದೆ ಮರದ ಪಟ್ಟಿ ಕೊಡಿ. ಮೇಲಿನ ಕೆಳಗಿನ ಹಲಗೆಯ ಗಂಟಿಗೂ ಇದಕ್ಕೂ ನಾಲ್ಕಡಿ ಅಂತರವಿರಲಿ.

ಮೊಳೆಗಳ ಸುತ್ತ ಕಪ್ಪು ವೃತ್ತ ಕಂಡರೆ ಕಬ್ಬಿಣ ತುಕ್ಕು ಹಿಡಿದು ಮರವನ್ನೂ ತಿಂದಿದೆ ಎಂದರ್ಥ. ಅಂಥ ತೂತಿಗೆ ಹೊಸ ಮೊಳೆ ಹೊಡೆಯಬಾರದು. ತೂತನ್ನು ಸ್ವಚ್ಛ ಮಾಡಿ ಅದೇ ಮರದ ಬೆಣೆ ಬಡಿದು ಮುಚ್ಚಿ, ಒಂದೂವರೆ ಇಂಚು ಪಕ್ಕಕ್ಕೆ, ನಾರಿನ ಅದೇ ಗೆರೆಯಲ್ಲಿ ಬರದಂತೆ ಹೊಸ ತೂತು ಕೊರೆಯಿರಿ. ತಾಮ್ರದ ಮೊಳೆ ಒಳ್ಳೆಯದೇ, ಆದರೆ ಕಬ್ಬಿಣದ ಪಕ್ಕದಲ್ಲಿ ತಾಮ್ರ ಬಂದರೆ ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ಕರಗುತ್ತದೆ. ಒಂದು ದೋಣಿಗೆ ಒಂದೇ ಲೋಹ ಎಂದಿಟ್ಟುಕೊಳ್ಳಿ. ಸ್ಟೇನ್‌ಲೆಸ್ ಸ್ಕ್ರೂ ನೀರಿನ ಮಟ್ಟದ ಮೇಲೆ ಸರಿ. ಕೆಳಗೆ, ಗಾಳಿಯಾಡದ ಒದ್ದೆ ಮರದೊಳಗೆ, ತಲೆ ಹೊಳೆಯುತ್ತಿದ್ದರೂ ಕಾಂಡ ತಿಂದುಹೋಗಿರುತ್ತದೆ.

ಸಂದಿ ತುಂಬುವ ಬಗೆ

ಹಲಗೆಗಳು ಒಳಬದಿಯ ಮೂರನೆಯ ಒಂದು ಭಾಗದಲ್ಲಿ ಒಂದಕ್ಕೊಂದು ಒತ್ತಿಕೊಂಡಿರಬೇಕು, ಹೊರಗೆ ಮಾತ್ರ ತುಸು ಬಾಯಿ ತೆರೆದಿರಬೇಕು. ಒಂದಿಂಚು ದಪ್ಪದ ಹಲಗೆಗೆ ಹೊರಗಿನ ಬಾಯಿ 2 ಮಿ.ಮೀ. ಸಾಕು. ಹಳೆಯ ಹತ್ತಿ, ಪುಟ್ಟಿಯನ್ನು ಬಾಗಿಸಿದ ಅರದ ಮೊನೆಯಿಂದ ಕೆರೆದು ತೆಗೆಯಿರಿ. ಕಟಿಂಗ್ ಚಕ್ರ ಓಡಿಸಿದರೆ ಅಂಚೇ ತಿಂದುಹೋಗುತ್ತದೆ. ಖಾಲಿ ಸಂದಿಗೆ ಮೊದಲು ಪ್ರೈಮರ್ ಬಳಿಯಿರಿ, ಇಲ್ಲದಿದ್ದರೆ ಒಣ ಅಂಚು ಪುಟ್ಟಿಯ ಎಣ್ಣೆಯನ್ನು ಹೀರಿ, ಪುಟ್ಟಿ ಪುಡಿಯಾಗಿ ಉದುರುತ್ತದೆ.

ಹತ್ತಿಯನ್ನು ಸಡಿಲವಾಗಿ ಹೊಸೆದು, ಸಣ್ಣ ಸಣ್ಣ ಮಡಿಕೆಯಾಗಿ ಸಂದಿಯ ಬಾಯಿಗೆ ಸಿಕ್ಕಿಸುತ್ತ ಹೋಗಿ, ಆಮೇಲೆ ಮೊಂಡು ಉಳಿ ಮತ್ತು ಮರದ ಕೊಡತಿಯಿಂದ ಹಗುರಾಗಿ ಒಳಗೆ ಕೂರಿಸಿ. ಕೊಡತಿಯ ಪೆಟ್ಟಿನ ಸದ್ದು ಬದಲಾದರೆ ಹತ್ತಿ ಕೂತಿತು, ಅಲ್ಲಿಗೆ ನಿಲ್ಲಿಸಿ. ಹತ್ತಿ ಒಳಗಿನಿಂದ ಇಣುಕಿದರೆ ಸಂದಿ ಒಳಬದಿಯಲ್ಲೇ ತೆರೆದಿದೆ. ಅಂಥ ಕಡೆ, ಅಥವಾ ತೇವ ಮರಳಿದ ಮೇಲೂ ಸಂದಿ 5 ಮಿ.ಮೀ.ಗಿಂತ ಅಗಲ ಉಳಿದ ಕಡೆ, ಹತ್ತಿ ತುರುಕದೆ ಅದೇ ಮರದ ತೆಳು ಪಟ್ಟಿಯನ್ನು ಒಂದೇ ಹಲಗೆಯ ಅಂಚಿಗೆ ಅಂಟಿಸಿ. ಎರಡೂ ಬದಿಗೆ ಅಂಟಿಸಿದರೆ ಮತ್ತೆ ಅದೇ ಗಟ್ಟಿ ಸಂದಿ.

ಹತ್ತಿಯ ಮೇಲೆ 4 ಮಿ.ಮೀ.ನಷ್ಟು ಜಾಗ ಪುಟ್ಟಿಗೆ ಬಿಡಿ. ಒಂದು ಕಿಲೊ ಸುಣ್ಣದಪುಡಿಗೆ (ಬಿಳಿ ಸೀಮೆಸುಣ್ಣದ ಪುಡಿ, ನೀರಿಗೆ ಹಾಕುವ ಸುಣ್ಣವಲ್ಲ) 180–200 ಗ್ರಾಂ ಅಗಸೆಎಣ್ಣೆ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದರೆ ಇಪ್ಪತ್ತು ಅಡಿಯ ದೋಣಿಗೆ ಮೊದಲ ಕಂತು ಸಿದ್ಧ. ಸಂದಿಯಲ್ಲಿ ಪುಟ್ಟಿಯನ್ನು ಹಲಗೆಯ ಮಟ್ಟಕ್ಕಿಂತ ತುಸು ತಗ್ಗಿನಲ್ಲೇ ನಿಲ್ಲಿಸಿ. ಹಲಗೆ ಉಬ್ಬಿದಾಗ ಅದು ಹೊರಗೆ ಬಂದು ಮಟ್ಟ ಸೇರುತ್ತದೆ. ರಾಳ ಮತ್ತು ಎಣ್ಣೆ ಕಾಯಿಸಿ ಮಾಡುವ ಹಳೆಯ ಲೇಪವೂ ಒಳ್ಳೆಯದೇ, ಆದರೆ ಅದನ್ನು ಶೆಡ್ಡಿನಿಂದ ದೂರ, ಬಯಲಿನಲ್ಲಿ ಕಾಯಿಸಬೇಕು.

ಬೆಂಕಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಕಿಡಿಯೇ ಬೇಡ, ಎಣ್ಣೆ ಗಾಳಿಯೊಂದಿಗೆ ಸೇರುವಾಗ ಹುಟ್ಟುವ ಶಾಖ ಹೊರಹೋಗದೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಸಿ ಶೆಡ್, ಮೇಲೆ ಒಣ ಮಡಲು, ಕೆಳಗೆ ಮರದ ಹೊಟ್ಟು ಇರುವಲ್ಲಿ ಇದು ಎಷ್ಟು ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಬಟ್ಟೆಗಳನ್ನು ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ, ಅಥವಾ ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣದಾಗಿ ಉಜ್ಜದೆ ನೀರು ಹಾಕಿ ಕೆರೆಯಿರಿ, ಮಾಸ್ಕ್ ಇರಲಿ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವವರು ಕೈಗವಸು ಬಿಡಬಾರದು, ಚರ್ಮ ಬೊಬ್ಬೆಯೇಳುತ್ತದೆ.

ಹಾಗಾದರೆ ಎಪಾಕ್ಸಿ ಎಲ್ಲಿಗೆ?

ಒಂದೇ ದಿಮ್ಮಿ ಕೊರೆದು ಮಾಡಿದ ದೋಣಿಗೆ ಸಂದಿಗಳಿಲ್ಲ, ಅದಕ್ಕೆ ಎಪಾಕ್ಸಿಯಲ್ಲಿ ಫೈಬರ್ ಬಟ್ಟೆ ಹೊದಿಸುವುದು ಅರ್ಥವುಳ್ಳ ಕೆಲಸ. ಹಲಗೆ ದೋಣಿಗೆ ಹೊದಿಸಿದರೆ ಹಲಗೆಗಳ ಉಬ್ಬುಕುಗ್ಗಿಗೆ ಫೈಬರ್ ಪ್ರತಿ ಸಂದಿಯ ಗೆರೆಯಲ್ಲೂ ಬಿರಿಯುತ್ತದೆ. ಬಿರುಕಿನಿಂದ ಹೋದ ನೀರು ಒಣಗುವ ದಾರಿಯಿಲ್ಲದೆ ಒಳಗೇ ಉಳಿದು ಮರ ಕೊಳೆಯುತ್ತದೆ. ಮೇಲೆ ನೋಡಲು ಹೊಸ ದೋಣಿ, ಅಡಿಯಲ್ಲಿ ಪುಡಿ. ಅಗ್ಗದ ಪಾಲಿಯೆಸ್ಟರ್ ರೆಸಿನ್ ಆದರಂತೂ ಮರವನ್ನು ಹಿಡಿಯುವುದೇ ಕಷ್ಟ, ಹಾಳೆಯಾಗಿ ಏಳುತ್ತದೆ.

ಓರೆ ಗಂಟು, ಬೆಣೆ, ಅಂಟುಪಟ್ಟಿಗೆ ಎಪಾಕ್ಸಿ ಬೇಕೇ ಬೇಕು. ಅಂಟಿಸುವ ತುಂಡಿನ ತೇವ ಶೇ 12ರ ಆಸುಪಾಸಿನಲ್ಲಿರಲಿ. ಬಿಸಿಲಲ್ಲಿ ಎಪಾಕ್ಸಿಯ ವರ್ತನೆಯೇ ಬೇರೆ: ಉಷ್ಣತೆ 10 ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಅರ್ಧಕ್ಕಿಳಿಯುತ್ತದೆ. 25 ಡಿಗ್ರಿಯಲ್ಲಿ 25 ನಿಮಿಷ ಸಿಗುವ ಮಿಶ್ರಣ 35 ಡಿಗ್ರಿಯಲ್ಲಿ 12 ನಿಮಿಷ. ಎತ್ತರದ ಲೋಟದಲ್ಲಿ ಅರ್ಧ ಕಿಲೊ ಕಲಸಿದರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ನಿಧಾನದ ಹಾರ್ಡನರ್ ತರಿಸಿ, ಒಂದು ಬಾರಿಗೆ 100 ಗ್ರಾಂ ಮಾತ್ರ ಕಲಸಿ, ತಕ್ಷಣ ಅಗಲ ತಟ್ಟೆಗೆ ಸುರಿಯಿರಿ.

ಹಚ್ಚುವುದು ಸಂಜೆ, ಮರ ತಣಿಯತೊಡಗಿದ ಮೇಲೆ. ಬೆಳಿಗ್ಗೆ ಹಚ್ಚಿದರೆ ಮರ ಕಾಯುತ್ತ ಒಳಗಿನ ಗಾಳಿ ಹಿಗ್ಗಿ ಲೇಪದಲ್ಲಿ ಗುಳ್ಳೆ ಏಳುತ್ತದೆ. ಸಂಜೆಯಾದರೆ ಗಾಳಿ ಕುಗ್ಗುತ್ತ ಎಪಾಕ್ಸಿಯನ್ನೂ ಒಳಗೆಳೆಯುತ್ತದೆ. ರಾತ್ರಿಯ ತೇವಕ್ಕೆ ಮೇಲೆ ಮೇಣದಂಥ ಜಿಡ್ಡು ಕೂತಿದ್ದರೆ ಮುಂದಿನ ಕೈ ಹಚ್ಚುವ ಮೊದಲು ನೀರು ಹಾಕಿ ಉಜ್ಜಿ ತೊಳೆಯಬೇಕು, ಜಿಡ್ಡಿನ ಮೇಲೆ ಏನೂ ಹಿಡಿಯುವುದಿಲ್ಲ.

ನೀರಿಗಿಳಿಸುವಾಗ

ದಡದಲ್ಲಿರುವಾಗಲೇ ದೋಣಿಯೊಳಗೆ ನೀರು ತುಂಬಿಸಿ ಉಬ್ಬಿಸುವವರಿದ್ದಾರೆ. ಒಂದು ಘನ ಮೀಟರ್ ನೀರೆಂದರೆ ಒಂದು ಟನ್ ಭಾರ, ಹಳೆಯ ಹಲಗೆಗಳು ಅದನ್ನು ಹೊರಗಿನ ಆಸರೆಯಿಲ್ಲದೆ ಹೊರಲಾರವು. ಎರಡು ಮೂರು ಇಂಚಿಗಿಂತ ಹೆಚ್ಚು ಬೇಡ. ಅದಕ್ಕಿಂತ, ಕೆಸರು ತಳದ ಶಾಂತ ಹೊಳೆಬದಿಯಲ್ಲಿ, ಇಳಿತದಲ್ಲಿ ದೋಣಿ ನೆಲಕ್ಕೆ ಕೂರುವಂಥ ಜಾಗ ನೋಡಿ ಕಟ್ಟಿಹಾಕಿ. ದಿನಕ್ಕೆ ಎರಡು ಭರತದಲ್ಲಿ ಅದು ತೋಯುತ್ತದೆ, ಇಳಿತದಲ್ಲಿ ನೀರು ಎತ್ತಿಹಾಕಲೂ ಸುಲಭ.

ಮೊದಲ ದಿನ ನೀರು ಜೋರಾಗಿಯೇ ನುಗ್ಗುತ್ತದೆ. ಗಾಬರಿಯಿಂದ ಮತ್ತೆ ಹತ್ತಿ ಜಡಿಯಬೇಡಿ, ಮೂರು ನಾಲ್ಕು ದಿನ ಬಿಡಿ. ಐದನೆಯ ದಿನವೂ ಸೋರುವ ಜಾಗಗಳನ್ನು ಒಳಗಿನಿಂದ ಗುರುತು ಮಾಡಿ. ಸಂದಿಯುದ್ದಕ್ಕೂ ಒಸರುತ್ತಿದ್ದರೆ ಅಲ್ಲಿ ಹತ್ತಿ ಸಡಿಲ, ಇಳಿತದಲ್ಲಿ ಹೊರಗಿನಿಂದ ತುಸು ಕೂರಿಸಿದರೆ ನಿಲ್ಲುತ್ತದೆ. ಒಂದೇ ಬಿಂದುವಿನಿಂದ ದಾರದಂತೆ ನೀರು ಚಿಮ್ಮಿದರೆ ಅದು ಮೊಳೆಯ ತೂತು ಅಥವಾ ಹುಳು ಕೊರೆದ ಜಾಗ. ಅದಕ್ಕೆ ಬೆಣೆಯೇ ಮದ್ದು. ನಡುಮರದ ಪಕ್ಕದ ಮೊದಲ ಹಲಗೆಯ ಬುಡದಲ್ಲಿ ಸೋರಿಕೆ ನಿಲ್ಲದಿದ್ದರೆ ಮಾತ್ರ ದೋಣಿಯನ್ನು ಮತ್ತೆ ಮೇಲೆಳೆದು, ಆ ಹಲಗೆಯ ಮೊಳೆಗಳನ್ನು ದೋಣಿ ಕಟ್ಟುವ ಆಚಾರಿಯಿಂದ ಒಂದೊಂದಾಗಿ ನೋಡಿಸಬೇಕು.