ರಿಟೈರ್ ಆದವರಿಗೆ ತಿಮಿಂಗಿಲದ ದೋಣಿಯಲ್ಲಿ ಏನು ಕೆಲಸ?

"ರಿಟೈರ್ ಆಗಿದ್ದೀನಿ, ಈಜು ಅಷ್ಟಾಗಿ ಬರಲ್ಲ, ಆದ್ರೆ ತಿಮಿಂಗಿಲ ಅಂದ್ರೆ ಪ್ರಾಣ. ನಿಮ್ಮ ಸರ್ವೆಗೆ ಬರಬಹುದಾ?" ಕಡಲಲ್ಲಿ ತಿಮಿಂಗಿಲ, ಡಾಲ್ಫಿನ್ ಎಣಿಸುವ ನಮ್ಮ ಕೆಲಸದ ಬಗ್ಗೆ ಇಂಥ ಪತ್ರ ನನಗೆ ಆಗಾಗ ಬರುತ್ತದೆ. ಬರಬಹುದು. ನಿಮ್ಮನ್ನು ನೀರಿಗೆ ಯಾರೂ ಇಳಿಸುವುದಿಲ್ಲ, ಲೈಫ್ ಜಾಕೆಟ್ಟೂ ಮೈಮೇಲೆ ಇದ್ದೇ ಇರುತ್ತದೆ. ನಾನು ಕೇಳುವುದು ಒಂದೇ: ಏನೂ ಕಾಣದ ನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತೀರಿ?

ಯಾಕಂದ್ರೆ ಹೆಚ್ಚಿನ ಹೊತ್ತು ಕಣ್ಣೆದುರು ಬರೀ ನೀರು. ಅರ್ಧ ಗಂಟೆ ಒಬ್ಬರು ಎಡಗಡೆ ನೋಡುತ್ತಾರೆ, ಇನ್ನೊಬ್ಬರು ಬಲಗಡೆ, ಮತ್ತೊಬ್ಬರು ಬರೆಯುತ್ತಾರೆ, ಆಮೇಲೆ ಜಾಗ ಬದಲು. ಬಿಸಿಲು ಯಾವ ಕಡೆಯಿಂದ ಕಣ್ಣಿಗೆ ಹೊಡೆಯುತ್ತಿದೆ, ಅಲೆ ಹೇಗಿದೆ, ಎಲ್ಲವೂ ಶೀಟಿಗೆ ಹೋಗಬೇಕು. ಅಲ್ಲಲ್ಲಿ ಬಿಳಿನೊರೆ ಏಳತೊಡಗಿದರೆ, ಗಾಳಿಯ ಜೋರನ್ನು ಹೇಳುವ ಬೋಫರ್ಟ್ ಅಳತೆಯಲ್ಲಿ 3. ಸಣ್ಣ ಬೆನ್ನುರೆಕ್ಕೆಗಳು ಆ ನೊರೆಯಲ್ಲೇ ಮರೆಯಾಗುತ್ತವೆ. ಆಗ ಏನೂ ಕಾಣದಿದ್ದರೆ ಪ್ರಾಣಿ ಇರಲಿಲ್ಲ ಅಂತಲ್ಲ. ಕನ್ನಡಿಯಂಥ ನೀರಲ್ಲೂ ಕಾಣದಿದ್ದರೆ ಅದರ ಅರ್ಥವೇ ಬೇರೆ. ಹಾಗಾಗಿ ಸೊನ್ನೆ ಬರೆಯುವುದೂ ಕೆಲಸವೇ. ಹುಡುಗರು ಬೇಜಾರಾಗಿ, ನೆರಳು ಕಂಡರೂ "ಡಾಲ್ಫಿನ್!" ಅಂತ ಕೂಗಿಬಿಡುತ್ತಾರೆ. (ನಾನೂ ಕೂಗಿದ್ದೆ. ಅದು ಮರದ ದಿಮ್ಮಿ.)

ಮೈ ವಿಚಾರ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಗಾಳಿ ತುಂಬಿದ ರಬ್ಬರ್ ದೋಣಿ ಅಲೆಯಿಂದ ಅಲೆಗೆ ಎಗರಿ ಬಿದ್ದಾಗ ಏಟೆಲ್ಲ ಬೆನ್ನುಮೂಳೆಗೆ. ಮೂಳೆ ಸವೆದಿದೆ ಅಂತ ಡಾಕ್ಟರ್ ಹೇಳಿದ್ದರೆ ದೊಡ್ಡ ಹಡಗಿನ ಸರ್ವೆ ಆರಿಸಿಕೊಳ್ಳಿ, ಇಲ್ಲಾಂದ್ರೆ ದಡದ ಗುಡ್ಡದ ಮೇಲೆ ನಿಂತು, ಕೋನ ಅಳೆಯುವ ದುರ್ಬೀನಾದ ಥಿಯೋಡೊಲೈಟ್‌ನಲ್ಲಿ ತಿಮಿಂಗಿಲದ ದಾರಿ ಅಳೆಯುವ ಕೆಲಸ. ಅದೇನೂ ಕಡಿಮೆಯಲ್ಲ. ವಾಕರಿಕೆಯ ಮಾತ್ರೆಯನ್ನು ದೋಣಿ ಹೊರಡುವ ಮುಂಚೆಯೇ ನುಂಗಬೇಕು, ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದರೆ ಅದು ಮೀನಿಗೇ ಹೋಗುತ್ತದೆ. ವಾಕರಿಕೆಗೆಂದೇ ಕಿವಿ ಹಿಂದೆ ಅಂಟಿಸುವ ಔಷಧದ ಪಟ್ಟಿ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಆಗಿಬರದೆ ಹೋಗಬಹುದು. ಸುಮ್ನೆ ಪಕ್ಕದವರಿಂದ ಇಸ್ಕೊಂಡು ಅಂಟಿಸಿಕೊಳ್ಳಬೇಡಿ.

ಇನ್ನು ನನಗೆ ಜಾಸ್ತಿ ಇಷ್ಟದ ಕೆಲಸ. ಅದು ನೆಲದ ಮೇಲೆ, ಕುರ್ಚಿಯಲ್ಲಿ. ಓರ್ಕಾಗಳ (ಕಿಲ್ಲರ್ ವೇಲ್) ಬೆನ್ನುರೆಕ್ಕೆ ಮತ್ತು ಅದರ ಹಿಂದಿನ ಬೂದು ಮಚ್ಚೆ ನೋಡಿ ಒಂದೊಂದನ್ನೂ ಗುರುತಿಸಬಹುದು ಅಂತ 1970ರ ದಶಕದಲ್ಲಿ ಕೆನಡಾದ ಸಂಶೋಧಕ ಮೈಕಲ್ ಬಿಗ್ ತೋರಿಸಿಕೊಟ್ಟರು. ಡಾಲ್ಫಿನ್‌ಗಾದರೆ ರೆಕ್ಕೆಯ ಹಿಂಬದಿಯ ಕಚ್ಚುಗಳು, ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಬಾಲದ ಅಡಿಯ ಕಪ್ಪು-ಬಿಳುಪು. ಈ ಫೋಟೋಗಳಿಂದಲೇ ಎಣಿಕೆ. ಮೊದಲ ಸಲ 40 ಡಾಲ್ಫಿನ್ ಗುರುತಿಸಿದೆವು ಅನ್ನಿ. ಮುಂದಿನ ಸಲ 50, ಅದರಲ್ಲಿ 20 ಹಳೆಯವೇ. ಅಂದರೆ ಐದರಲ್ಲಿ ಎರಡು ಪಾಲು ಮೊದಲೇ ಗುರುತಿಸಿದ್ದವು, ಹಾಗಾಗಿ ಆ 40 ಕೂಡ ಒಟ್ಟಿನ ಐದರಲ್ಲಿ ಎರಡು ಪಾಲು ಇರಬೇಕು. 40ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದರೆ ಸುಮಾರು 100 ಇವೆ ಅಂತಾಯಿತು. ಆದರೆ ಫೋಟೋ ಹೋಲಿಸುವವರು ಆತುರದಲ್ಲಿ ನಾಲ್ಕು ಹಳೆಯ ಮುಖಗಳನ್ನು ಹೊಸದು ಅಂದುಕೊಂಡರೆ ಭಾಗಿಸುವುದು 16ರಿಂದ, ಲೆಕ್ಕ 125ಕ್ಕೆ ಹಾರುತ್ತದೆ. ಇಲ್ಲದ 25 ಡಾಲ್ಫಿನ್ ಕಾಗದದ ಮೇಲೆ ಹುಟ್ಟಿದ ಹಾಗೆ! ಈಗ ಕಂಪ್ಯೂಟರ್ ಜೋಡಿ ಹುಡುಕಿಕೊಡುತ್ತದೆ, ನಿಜ. ಆದರೂ ಮಸುಕು ಫೋಟೋ ಮುಂದೆ ಕೂರಬೇಕಾದವರು ಮನುಷ್ಯರೇ.

ಹಾಗಾಗಿ ಯಾವುದೇ ತಂಡಕ್ಕೆ ದುಡ್ಡು ಕಟ್ಟುವ ಮುಂಚೆ (ಸ್ವಯಂಸೇವಕರೇ ಖರ್ಚು ಹಂಚಿಕೊಳ್ಳುವ ಪದ್ಧತಿ ಈ ಕ್ಷೇತ್ರದಲ್ಲಿ ಹಳೆಯದು) ಎರಡು ವಿಷಯ ಕೇಳಿ: ಪ್ರಾಣಿಗಳ ಹತ್ತಿರ ಹೋಗಲು ಪರವಾನಗಿ ಇದೆಯಾ, ತೆಗೆದ ಫೋಟೋಗಳನ್ನು ಆಮೇಲೆ ಯಾರು ನೋಡುತ್ತಾರೆ? ಎರಡನೆಯದಕ್ಕೆ ತಡವರಿಸಿದರೆ ಅದು ಬರೀ ಪ್ರವಾಸ.

ನಮ್ಮಲ್ಲಿಗೆ ಒಮ್ಮೆ ಲೆಕ್ಕ ತಪಾಸಣೆಯಿಂದ ನಿವೃತ್ತರಾದ ಹೆಂಗಸೊಬ್ಬರು ಬಂದಿದ್ದರು. ಎರಡನೇ ದಿನವೇ ಕಡಲ ಕಾಯಿಲೆ, ದೋಣಿ ಬಿಟ್ಟರು. ನನಗೋ ಪಾಪ ಅನ್ನಿಸಿತು. ಅವರು ಹಳೆಯ ಫೋಟೋಗಳ ಮುಂದೆ ಕೂತು, ಒಂದು ರೆಕ್ಕೆಯ ಕೆಳಗಿನ ಕಚ್ಚನ್ನು ಪೆನ್ಸಿಲ್ ತುದಿಯಲ್ಲಿ ತೋರಿಸಿ, "ಇದೂ ಅದೂ ಒಂದೇ ಅಲ್ವಾ? ಮೇಲಿನ ಕಚ್ಚು ಆಮೇಲೆ ಬಿದ್ದದ್ದು" ಅಂದರು. ನಿಜವಾಗಿತ್ತು. ಒಂದೇ ಪ್ರಾಣಿಗೆ ಎರಡು ನಂಬರ್ ಕೊಟ್ಟಿದ್ದವನು ನಾನೇ. ಅಂಥವು ಇನ್ನೂ ಮೂರು ಸಿಕ್ಕವು. ಐದನೆಯ ಜೋಡಿಗೆ ನಾನು ಹೌದು ಅಂದೆ, ಅವರು ಇವತ್ತಿಗೂ ಒಪ್ಪಿಲ್ಲ.