ಓಟು ಬೀಳುವ ಮೊದಲೇ ಮುಗಿದುಹೋಗುವ ವ್ಯಾಪಾರ

ಅಮೆರಿಕದಿಂದ ಭಾರತಕ್ಕೆ ದೊಡ್ಡ ಆಯುಧವೇನಾದರೂ ಬರುತ್ತದೆಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ಪೀಣ್ಯದಿಂದಲೋ ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನಿಂದಲೋ ನನಗೆ ಫೋನು ಬರುತ್ತದೆ. ವಿಮಾನದ ಬಿಡಿಭಾಗ ಮಾಡುವ ಸಣ್ಣ ಕಂಪನಿಗಳವರು. ರಫ್ತು ಲೈಸೆನ್ಸು, ಕರಾರುಗಳ ಕಾಗದಪತ್ರಕ್ಕೆಂದು ನನ್ನನ್ನು ವಕೀಲನಾಗಿ ಇಟ್ಟುಕೊಂಡವರು. ‘ಸರ್, ಅವರ ಪಾರ್ಲಿಮೆಂಟಲ್ಲಿ ಪಾಸಾಯ್ತಂತಲ್ಲ, ಇನ್ನು ನಮಗೂ ಆರ್ಡರ್ ಬರುತ್ತಾ?’ ಎಂದು ಕೇಳುತ್ತಾರೆ. ಅಲ್ಲಿ ಏನೂ ಪಾಸಾಗಿರುವುದಿಲ್ಲ. ಪಾಸಾಗಬೇಕಾದ ಅಗತ್ಯವೂ ಇಲ್ಲ.

ಅಮೆರಿಕದ 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಯ 36ನೇ ಸೆಕ್ಷನ್ ಹೇಳುವುದಿಷ್ಟು: ಒಂದು ಮೊತ್ತ ಮೀರಿದ ಆಯುಧವನ್ನು ಬೇರೆ ದೇಶಕ್ಕೆ ಮಾರುವ ಮೊದಲು ಸರ್ಕಾರ ಅದನ್ನು ಕಾಂಗ್ರೆಸ್ಸಿಗೆ, ಅಂದರೆ ಅವರ ಸಂಸತ್ತಿಗೆ, ಲಿಖಿತವಾಗಿ ತಿಳಿಸಬೇಕು, ತಿಳಿಸಿ 30 ದಿನ ಕಾಯಬೇಕು. ಆ ಅವಧಿಯಲ್ಲಿ ಎರಡೂ ಸದನ (ಸೆನೆಟ್ ಮತ್ತು ಪ್ರತಿನಿಧಿ ಸಭೆ) ಬೇಡವೆಂದು ನಿರ್ಣಯ ಮಾಡದಿದ್ದರೆ ಮಾರಬಹುದು. ಮೌನವೇ ಸಮ್ಮತಿ. ನಮ್ಮಂಥ ದೇಶಗಳಿಗೆ ಅನ್ವಯವಾಗುತ್ತ ಬಂದಿರುವ ಮಿತಿ, ಪ್ರಮುಖ ಯುದ್ಧೋಪಕರಣಕ್ಕೆ 1.4 ಕೋಟಿ ಡಾಲರ್, ಉಳಿದ ರಕ್ಷಣಾ ಸಾಮಗ್ರಿ ಮತ್ತು ಸೇವೆಗೆ 5 ಕೋಟಿ ಡಾಲರ್. ನ್ಯಾಟೊ ಸದಸ್ಯರು, ಜಪಾನ್, ಆಸ್ಟ್ರೇಲಿಯ, ದಕ್ಷಿಣ ಕೊರಿಯ, ಇಸ್ರೇಲ್, ನ್ಯೂಜಿಲೆಂಡ್ ಇವರಿಗೆ ಮಿತಿಯೂ ದೊಡ್ಡದು, ಕಾಯುವುದೂ 15 ದಿನ ಮಾತ್ರ. ಭಾರತಕ್ಕೆ 2016ರಲ್ಲಿ ‘ಪ್ರಮುಖ ರಕ್ಷಣಾ ಪಾಲುದಾರ’ ಎಂಬ ಬಿರುದೇನೋ ಸಿಕ್ಕಿತು, ಆದರೆ ಆ ಬಿರುದು ನಮ್ಮನ್ನು ಹದಿನೈದು ದಿನದ ಸಾಲಿಗೆ ಸೇರಿಸಲಿಲ್ಲ.

ಈ ಸೂಚನಾಪತ್ರದಲ್ಲಿರುವ ಮೊತ್ತವೂ ಜನರನ್ನು ದಾರಿ ತಪ್ಪಿಸುತ್ತದೆ. ಅದು ಗರಿಷ್ಠ ಅಂದಾಜು, ಕೊಂಡ ಬೆಲೆಯಲ್ಲ. 2021ರ ಏಪ್ರಿಲ್ 30ರಂದು ಭಾರತಕ್ಕೆ ಇನ್ನೂ ಆರು ಪಿ-8ಐ ಕಡಲ ಗಸ್ತು ವಿಮಾನ ಮಾರುವ ಸೂಚನೆ ಕಾಂಗ್ರೆಸ್ಸಿಗೆ ಹೋಯಿತು, ಮೊತ್ತ 242 ಕೋಟಿ ಡಾಲರ್. ನಾಲ್ಕು ವರ್ಷ ಕಳೆದರೂ ಖರೀದಿ ಕರಾರಿಗೆ ಸಹಿ ಬಿದ್ದಿರಲಿಲ್ಲ. ಆ ಸುದ್ದಿ ನಂಬಿ ಯಂತ್ರ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕುವವನ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಈ ವ್ಯವಸ್ಥೆ ಹುಟ್ಟಿದ್ದು ಇರಾನಿನ ಷಾ ಕಾಲದಲ್ಲಿ. ಎಣ್ಣೆ ದುಡ್ಡು ಹರಿಯುತ್ತಿದ್ದ ಎಪ್ಪತ್ತರ ದಶಕದಲ್ಲಿ ಪರ್ಷಿಯನ್ ಕೊಲ್ಲಿಯ ದೇಶಗಳಿಗೆ ಅಮೆರಿಕದ ಸರ್ಕಾರ ಕೇಳಿದ್ದೆಲ್ಲ ಮಾರುತ್ತಿತ್ತು. ಸಂಸದರಿಗೆ ಗೊತ್ತಾಗುತ್ತಿದ್ದುದು ಎಲ್ಲ ಮುಗಿದ ಮೇಲೆ. 1974ರಲ್ಲಿ ಸೆನೆಟರ್ ನೆಲ್ಸನ್ ಮತ್ತು ಪ್ರತಿನಿಧಿ ಬಿಂಗಮ್ ಆಗಿನ ಕಾಯ್ದೆಗೆ ತಂದ ತಿದ್ದುಪಡಿ ‘ಮೊದಲೇ ಹೇಳಿ’ ಎಂದು ಕಡ್ಡಾಯ ಮಾಡಿತು. ಎರಡೂ ಸದನಗಳು ಸರಳ ಬಹುಮತದಿಂದ ಬೇಡವೆಂದರೆ ಮಾರಾಟ ಅಲ್ಲಿಗೇ ನಿಲ್ಲಬೇಕಿತ್ತು, ಅಧ್ಯಕ್ಷರ ಸಹಿಯ ಗೊಡವೆಯೇ ಇರಲಿಲ್ಲ. ಅದು ನಿಜವಾದ ಹಲ್ಲುಳ್ಳ ಅಧಿಕಾರ.

ಆ ಹಲ್ಲು ಕಿತ್ತದ್ದು ಆಯುಧಕ್ಕೆ ಸಂಬಂಧವೇ ಇಲ್ಲದ ಒಂದು ಮೊಕದ್ದಮೆ. ಕೀನ್ಯಾದಲ್ಲಿ ಹುಟ್ಟಿದ, ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಡಾ ಓಹಾಯೊಗೆ ಓದಲು ಹೋದವರು. ವೀಸಾ ಮುಗಿದಿತ್ತು. ಗಡೀಪಾರು ಬೇಡವೆಂದು ವಲಸೆ ನ್ಯಾಯಾಧೀಶರು ಹೇಳಿದ್ದನ್ನು ಪ್ರತಿನಿಧಿ ಸಭೆ 1975ರಲ್ಲಿ ಒಂದು ನಿರ್ಣಯದ ಮೂಲಕ ತಳ್ಳಿಹಾಕಿತು. ಚಡ್ಡಾ ಸುಪ್ರೀಂ ಕೋರ್ಟಿನವರೆಗೂ ಹೋದರು. 1983ರ ಜೂನ್ 23ರಂದು ಏಳು-ಎರಡರ ಬಹುಮತದ ತೀರ್ಪು ಬಂತು: ಕಾನೂನಿನ ಬಲವಿರುವ ಯಾವ ನಿರ್ಣಯವೂ ಎರಡೂ ಸದನ ದಾಟಿ ಅಧ್ಯಕ್ಷರ ಮುಂದೆ ಹೋಗಲೇಬೇಕು. ಒಬ್ಬ ವಿದ್ಯಾರ್ಥಿಯ ವೀಸಾ ತಕರಾರು ನೂರಾರು ಕಾಯ್ದೆಗಳಲ್ಲಿದ್ದ ಇಂಥ ಕಲಮುಗಳನ್ನು ಉರುಳಿಸಿತು. ಆಯುಧ ಮಾರಾಟದ್ದೂ ಅದರಲ್ಲಿ ಒಂದು. 1986ರಲ್ಲಿ ಕಾಯ್ದೆ ತಿದ್ದಿ ಜಂಟಿ ನಿರ್ಣಯದ ಪದ್ಧತಿ ತಂದರು. ಜಂಟಿ ನಿರ್ಣಯವನ್ನು ಅಧ್ಯಕ್ಷರು ವೀಟೊ ಮಾಡಬಹುದು. ಮಾರಲು ಹೊರಟವರೇ ಅಧ್ಯಕ್ಷರು, ವೀಟೊ ಮಾಡದೆ ಬಿಟ್ಟಾರೆಯೇ? ಅಂದರೆ ವೀಟೊ ಮೀರಿ ಮಾರಾಟ ತಡೆಯಲು ಈಗ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಓಟು ಬೇಕು.

ಈ ದಾರಿಯಲ್ಲಿ ಇದುವರೆಗೆ ಒಂದೇ ಒಂದು ಮಾರಾಟವೂ ನಿಂತಿಲ್ಲ. 1981ರಲ್ಲಿ ಸೌದಿ ಅರೇಬಿಯಕ್ಕೆ ಅವಾಕ್ಸ್ ಕಣ್ಗಾವಲು ವಿಮಾನ ಕೊಡುವುದನ್ನು ಪ್ರತಿನಿಧಿ ಸಭೆ 301-111ರಿಂದ ವಿರೋಧಿಸಿತು. ಅಧ್ಯಕ್ಷ ರೇಗನ್ ಒಬ್ಬೊಬ್ಬ ಸೆನೆಟರನ್ನೂ ಕರೆದು ಮಾತಾಡಿಸಿದರು, ಸೆನೆಟ್‌ನಲ್ಲಿ 52-48ರಿಂದ ಮಾರಾಟ ಉಳಿದುಕೊಂಡಿತು. ತೀರ ಹತ್ತಿರ ಬಂದದ್ದು 1986ರಲ್ಲಿ. ಸೌದಿಗೆ ಕ್ಷಿಪಣಿ ಮಾರುವುದು ಬೇಡವೆಂದು ಎರಡೂ ಸದನ ಹೇಳಿದವು, ರೇಗನ್ ವೀಟೊ ಮಾಡಿದರು, ಅದನ್ನು ಮೀರುವ ಓಟಿನಲ್ಲಿ ಸೆನೆಟ್ 66-34ಕ್ಕೆ ನಿಂತಿತು. ಒಂದು ಓಟು ಕಡಿಮೆ. ಆದರೆ ಆ ಓಟಿಗೆ ಮುಂಚೆಯೇ, ಭುಜದ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗಳನ್ನು ಸರ್ಕಾರ ಪಟ್ಟಿಯಿಂದ ತೆಗೆದಿತ್ತು. ಓಟು ಸೋತರೂ ಸ್ಟಿಂಗರ್ ಹೋಗಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಅಲ್ಲಿದೆ.

ನಿಜವಾದ ತಡೆ ಎಲ್ಲಿದೆಯೆಂದರೆ, ಕಾಯ್ದೆಯಲ್ಲಿ ಬರೆಯದ ಜಾಗದಲ್ಲಿ. ಅಧಿಕೃತ ಸೂಚನೆ ಕೊಡುವ ಎಷ್ಟೋ ವಾರ ಮೊದಲು ವಿದೇಶಾಂಗ ಇಲಾಖೆ ಕರಡನ್ನು ನಾಲ್ಕು ಮಂದಿಗೆ ಕಳಿಸುತ್ತದೆ: ಸೆನೆಟ್‌ನ ವಿದೇಶಾಂಗ ಸಂಬಂಧಗಳ ಸಮಿತಿಯ ಅಧ್ಯಕ್ಷ, ಅದೇ ಸಮಿತಿಯಲ್ಲಿರುವ ವಿರೋಧಿ ಪಕ್ಷದ ಹಿರಿಯ ಸದಸ್ಯ, ಹಾಗೆಯೇ ಪ್ರತಿನಿಧಿ ಸಭೆಯ ವಿದೇಶಾಂಗ ಸಮಿತಿಯ ಇಬ್ಬರು. ಇವರಲ್ಲಿ ಒಬ್ಬರು ‘ನನಗಿನ್ನೂ ಪ್ರಶ್ನೆಗಳಿವೆ’ ಎಂದರೆ ಕರಡು ಅಲ್ಲೇ ಕೂರುತ್ತದೆ. ಕಾನೂನಿನ ಪ್ರಕಾರ ಇಲಾಖೆ ಕಾಯಬೇಕಿಲ್ಲ. ರೂಢಿ ಹಾಗಿರುವುದರಿಂದ ಕಾಯುತ್ತ ಬಂದಿದೆ. ಇದೇ ‘ಹೋಲ್ಡ್’. ಲಗ್ನಪತ್ರಿಕೆ ಅಚ್ಚಾಗಿ ಕೈಗೆ ಬರುವ ಹೊತ್ತಿಗೆ ಎರಡು ಮನೆಯ ಹಿರಿಯರ ಕೊಸರಾಟ ಮುಗಿದಿರುತ್ತದಲ್ಲ, ಅಧಿಕೃತ ಸೂಚನೆಯೂ ಹಾಗೆಯೇ.

ನಮಗೆ ಇದರ ಬಿಸಿ ತಟ್ಟಿದ್ದು ಎಂಕ್ಯು-9ಬಿ ಡ್ರೋನ್ ವಿಷಯದಲ್ಲಿ. 31 ಡ್ರೋನ್, ಗರಿಷ್ಠ ಅಂದಾಜು 399 ಕೋಟಿ ಡಾಲರ್. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ಗೆ ಹೋದಾಗಲೇ ಎರಡೂ ಕಡೆ ಮಾತಾಗಿತ್ತು. ಆದರೆ ನವೆಂಬರ್ ಕೊನೆಗೆ, ಅಮೆರಿಕದಲ್ಲಿರುವ ಖಾಲಿಸ್ತಾನ್ ಪರ ಮುಖಂಡ ಗುರುಪತ್ವಂತ್ ಸಿಂಗ್ ಪನ್ನೂನ್ ಹತ್ಯೆಗೆ ಭಾರತ ಸರ್ಕಾರದ ನೌಕರನೊಬ್ಬನ ಸೂಚನೆಯಂತೆ ಸಂಚು ನಡೆದಿತ್ತೆಂಬ ದೋಷಾರೋಪಣೆಯನ್ನು ನ್ಯೂಯಾರ್ಕಿನಲ್ಲಿ ಬಹಿರಂಗಪಡಿಸಿದರು. ಸೆನೆಟ್ ಸಮಿತಿಯ ಅಧ್ಯಕ್ಷ ಬೆನ್ ಕಾರ್ಡಿನ್ ಕಡತ ಬಿಡಲಿಲ್ಲ. ತನಿಖೆ ಸರಿಯಾಗಿ ನಡೆಯುತ್ತದೆಂದು ಬೈಡನ್ ಆಡಳಿತ ಭರವಸೆ ಕೊಟ್ಟ ಮೇಲಷ್ಟೇ ಬಿಟ್ಟರು. 2024ರ ಫೆಬ್ರುವರಿ 1ರಂದು ಅಧಿಕೃತ ಸೂಚನೆ ಹೋಯಿತು. ಮುಂದಿನ 30 ದಿನದಲ್ಲಿ ಸದನದಲ್ಲಿ ಏನೂ ಆಗಲಿಲ್ಲ, ಆಗುವುದಕ್ಕೆ ಏನೂ ಉಳಿದಿರಲಿಲ್ಲ. ಅಕ್ಟೋಬರ್ 15ರಂದು ದೆಹಲಿಯಲ್ಲಿ ಕರಾರಿಗೆ ಸಹಿ ಬಿತ್ತು. ಅದೇ ವರ್ಷದ ಜನವರಿಯಲ್ಲಿ ಟರ್ಕಿಯ ಎಫ್-16 ಯುದ್ಧವಿಮಾನಗಳ ಕಥೆಯೂ ಹೀಗೇ: ಸ್ವೀಡನ್ ನ್ಯಾಟೊ ಸೇರುವುದಕ್ಕೆ ಟರ್ಕಿಯ ಸಂಸತ್ತು ಒಪ್ಪಿಗೆ ಕೊಟ್ಟ ಕೆಲವೇ ದಿನಗಳಲ್ಲಿ 2,300 ಕೋಟಿ ಡಾಲರಿನ ಸೂಚನೆ ಹೊರಬಿತ್ತು.

ಒಬ್ಬರ ಕೈಯಲ್ಲಿ ಇಷ್ಟು ಅಧಿಕಾರ ಇರುವುದರ ಇನ್ನೊಂದು ಮುಖ ಬಾಬ್ ಮೆನೆಂಡೆಜ್. ಕಾರ್ಡಿನ್‌ಗಿಂತ ಮುಂಚೆ ಅದೇ ಸಮಿತಿಯ ಅಧ್ಯಕ್ಷರಾಗಿದ್ದವರು. ಈಜಿಪ್ಟಿಗೆ ಹೋಗುವ ಆಯುಧಗಳ ಕಡತಕ್ಕೆ ತಾವು ಒಪ್ಪಿಗೆ ಕೊಡಲಿರುವ ವಿಷಯವನ್ನು ಲಂಚದ ವ್ಯವಹಾರದಲ್ಲಿ ಆ ದೇಶದವರಿಗೆ ಮುಟ್ಟಿಸಿದರೆಂಬುದು ಅವರ ಮೇಲಿನ ಆರೋಪಗಳಲ್ಲೊಂದು. 2024ರ ಜುಲೈನಲ್ಲಿ ಅವರ ಮೇಲಿದ್ದ 16 ಆರೋಪಗಳೂ ಸಾಬೀತಾದವು. 11 ವರ್ಷ ಶಿಕ್ಷೆಯಾಯಿತು. ಹೋಲ್ಡ್ ಯಾಕೆ ಹಾಕಿದರು, ಯಾಕೆ ತೆಗೆದರು ಎಂಬುದಕ್ಕೆ ದಾಖಲೆ ಇಡಬೇಕೆಂಬ ನಿಯಮವಿಲ್ಲ. ಕೆಲಸ ಮಾಡುವ ಅಧಿಕಾರ ಬರಹದಲ್ಲಿಲ್ಲ, ಬರಹದಲ್ಲಿರುವುದು ಕೆಲಸ ಮಾಡುವುದಿಲ್ಲ. ಹೋಲ್ಡನ್ನು ಕಾಯ್ದೆಯೊಳಕ್ಕೆ ತಂದು ಕಾರಣ ಬರೆಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ವಾಷಿಂಗ್ಟನ್ನಿನ ಗಾಳಿ ಬೀಸುತ್ತಿರುವುದು ಮಾತ್ರ ಬೇರೆ ಕಡೆಗೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಹೊರಡಿಸಿದ ಆದೇಶ ಸೂಚನೆಯ ಮೊತ್ತದ ಮಿತಿಯನ್ನೇ ಏರಿಸುವ ಮಾತಾಡಿತು. ಮಿತಿ ಏರಿದಷ್ಟೂ ಆ ನಾಲ್ವರ ಮುಂದೆ ಬರುವ ಕಡತ ಕಡಿಮೆ.

ರೂಢಿಗೆ ಇನ್ನೊಂದು ದೌರ್ಬಲ್ಯ, ಸರ್ಕಾರ ಮನಸ್ಸು ಮಾಡಿದರೆ ಅದನ್ನು ದಾಟಬಹುದು. ‘ತುರ್ತು ಪರಿಸ್ಥಿತಿ’ ಎಂದು ಬರೆದುಕೊಟ್ಟರೆ ಕಾಯುವ ಅವಧಿಯೇ ಇಲ್ಲವಾಗುತ್ತದೆ. 2019ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರದ ವಿದೇಶಾಂಗ ಸಚಿವ ಪಾಂಪಿಯೊ ಸೌದಿ, ಯುಎಇ, ಜೋರ್ಡಾನ್‌ಗಳಿಗೆ ಸೇರಿದ 22 ಮಾರಾಟಗಳನ್ನು, ಒಟ್ಟು 810 ಕೋಟಿ ಡಾಲರಿನದನ್ನು, ಹೀಗೆ ದಾಟಿಸಿದರು. ಎರಡೂ ಸದನ ವಿರೋಧಿಸಿದ ಮೂರು ನಿರ್ಣಯಗಳನ್ನು ಟ್ರಂಪ್ ವೀಟೊ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರದ ವಿದೇಶಾಂಗ ಸಚಿವ ಬ್ಲಿಂಕನ್ ಇಸ್ರೇಲಿಗೆ ಟ್ಯಾಂಕ್ ಶೆಲ್ ಕಳಿಸಿದ್ದೂ ಇದೇ ಕಲಮಿನಡಿ. ಪಕ್ಷ ಯಾವುದಾದರೇನು, ಒಮ್ಮೆ ತೆರೆದ ಬಾಗಿಲಲ್ಲಿ ಎಲ್ಲರೂ ಓಡಾಡುತ್ತಾರೆ.

ಹಾಗಾದರೆ ಸದನದ ಓಟು ದಂಡವೇ? ಪೂರಾ ಅಲ್ಲ. ಸೆನೆಟ್‌ನ ನಿಯಮದಲ್ಲಿ ಒಂದು ವಿಶೇಷವಿದೆ: ಸಮಿತಿ ನಿರ್ಣಯವನ್ನು ಮುಚ್ಚಿಟ್ಟುಕೊಂಡರೂ ಹತ್ತು ದಿನದ ಮೇಲೆ, ಇಸ್ರೇಲಿನಂಥ ಹದಿನೈದು ದಿನದ ಸಾಲಿನ ದೇಶವಾದರೆ ಐದು ದಿನದ ಮೇಲೆ, ಒಬ್ಬನೇ ಸೆನೆಟರ್ ಅದನ್ನು ಸಭೆಯ ಮುಂದೆ ಎಳೆದು ತರಬಹುದು. ಗಾಜಾ ಯುದ್ಧದ ವೇಳೆ ಬರ್ನಿ ಸ್ಯಾಂಡರ್ಸ್ ಮಾಡಿದ್ದು ಇದನ್ನೇ. 2024ರ ನವೆಂಬರ್‌ನಲ್ಲಿ ಇಸ್ರೇಲಿಗೆ ಆಯುಧ ಬೇಡವೆಂದವರು ಹೆಚ್ಚೆಂದರೆ 19; 2025ರ ಜುಲೈನಲ್ಲಿ ರೈಫಲ್‌ಗಳ ಮೇಲಿನ ಓಟಿನಲ್ಲಿ 27. ಎರಡೂ ಸೋಲೇ. ಆದರೆ ಎರಡನೆಯ ಸಲ ಡೆಮಾಕ್ರಟಿಕ್ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಎದ್ದು ನಿಂತರೆಂಬ ಲೆಕ್ಕ ಮುಂದಿನ ಕರಡು ಬರೆಯುವವರ ತಲೆಯಲ್ಲಿ ಕೂರುತ್ತದೆ.

ನಮ್ಮಲ್ಲೋ, ಹೀಗೆ ಕೇಳಲು ಕಲಮೇ ಇಲ್ಲ. 2022ರ ಜನವರಿಯಲ್ಲಿ ಫಿಲಿಪ್ಪೀನ್ಸಿಗೆ ಸುಮಾರು 37.5 ಕೋಟಿ ಡಾಲರಿನ ಬ್ರಹ್ಮೋಸ್ ಮಾರಿದೆವು. ಲೋಕಸಭೆಗೆ ಮೊದಲೇ ತಿಳಿಸಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ ಮತ್ತು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಕಾರಿಗಳು. ಇಸ್ರೇಲಿಗೆ ರಫ್ತು ನಿಲ್ಲಿಸಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, ಇದು ವಿದೇಶಾಂಗ ನೀತಿಯ ವಿಷಯವೆಂದು, ವಜಾ ಮಾಡಿತು. ಸರಿ, ಕೋರ್ಟಿನ ಕೆಲಸವಲ್ಲ. ಸಂಸತ್ತಿನ ಕೆಲಸವೆಂದು ಸಂಸತ್ತಿಗೂ ಅನ್ನಿಸಿದಂತಿಲ್ಲ.

ನನಗೆ ಫೋನು ಮಾಡುವವರಿಗೆ ಈಗ ಮುಖ್ಯವಾಗಿರುವುದು ಎಂಜಿನ್. ಬೆಂಗಳೂರಿನ ಎಚ್‌ಎಎಲ್ ಮತ್ತು ಅಮೆರಿಕದ ಜಿಇ ಕಂಪನಿ ಸೇರಿ ಯುದ್ಧವಿಮಾನದ ಎಫ್-414 ಎಂಜಿನ್ ಇಲ್ಲಿ ತಯಾರಿಸುವ ಯೋಜನೆಗೂ ಇದೇ 36ನೇ ಸೆಕ್ಷನ್ನಿನಡಿ ಸೂಚನೆ ಹೋಗಿತ್ತು; 2023ರ ಆಗಸ್ಟ್ 29ರಂದು ಆ ಪ್ರಕ್ರಿಯೆ ಮುಗಿಯಿತೆಂದು ಮೋದಿ-ಬೈಡನ್ ಜಂಟಿ ಹೇಳಿಕೆಯಲ್ಲೇ ಇದೆ. ಬೆಲೆ, ತಂತ್ರಜ್ಞಾನದ ಮಾತುಕತೆ ಶುರುವಾಗಿದ್ದು ಅದರ ನಂತರ. ಇದು ಅಲ್ಲಿಗೇ ಮುಗಿಯುವುದಿಲ್ಲ. ಅಮೆರಿಕದ ಎಂಜಿನ್ ಇರುವ ತೇಜಸ್ ವಿಮಾನವನ್ನು ನಾಳೆ ನಾವು ಬೇರೆ ದೇಶಕ್ಕೆ ಮಾರುವುದಾದರೆ ವಾಷಿಂಗ್ಟನ್ನಿನ ಅನುಮತಿ ಬೇಕು. ಮೊತ್ತ ಮಿತಿ ಮೀರಿದರೆ ಅದನ್ನೂ ಕಾಂಗ್ರೆಸ್ಸಿಗೆ ತಿಳಿಸಬೇಕೆಂದು ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ರಫ್ತಿನ ಆಸೆಯಿಂದ ಕರಾರು ಬರೆಯುವವರಿಗೆ ನಾನು ಹೇಳುವುದು: ಸಾಮಾನು ಒಪ್ಪಿಸುವ ಗಡುವನ್ನು ಸುದ್ದಿಯ ದಿನದಿಂದ ಎಣಿಸಬೇಡಿ, ಅಮೆರಿಕದ ಅನುಮತಿಪತ್ರ ಕೈಗೆ ಬಂದ ದಿನದಿಂದ ಎಣಿಸಿ, ಅದು ಬಾರದಿದ್ದರೆ ದಂಡ ಯಾರು ಕಟ್ಟುವುದೆಂಬುದನ್ನೂ ಬರೆಸಿಕೊಳ್ಳಿ.